ಪಕ್ಕದ ಮನೆ ಕೆಡವಿದ ಮೇಲೆ ಹಿತ್ತಲಿನ ಪಲ್ಯ: ಏನು ತಿಂದೆವು, ಏನು ಬಿಟ್ಟೆವು

ಕಲಬುರಗಿಯಲ್ಲಿ ಈಗ ಯಾವ ಓಣಿಗೆ ಹೋದರೂ ಒಂದು ಹಳೇ ಮನೆ ಬೀಳುತ್ತಿರುತ್ತದೆ. ನಮ್ಮ ಪಕ್ಕದ್ದೂ ಬಿತ್ತು. ಪರಸಿ ಕಲ್ಲು, ಸುಣ್ಣದ ಗಾರೆ, ಹಿಂದೆ ಸಿಮೆಂಟ್ ಶೀಟಿನ ಒಂದು ಕೋಣೆ. ಧೂಳೆಲ್ಲ ನಮ್ಮ ಹಿತ್ತಲಿಗೆ. ಅಲ್ಲಿ ಪುಂಡಿ ಪಲ್ಯ, ಮೆಂತ್ಯ, ಬದನೆ, ಹೀರೇಕಾಯಿ, ಒಂದಿಷ್ಟು ಮೂಲಂಗಿ ಇತ್ತು. "ಎಲ್ಲಾ ಕಿತ್ತು ಒಗಿ" ಅಂದರು ಅತ್ತೆ. ನಾನು ಒಗೆಯಲಿಲ್ಲ. ಹಾಗಂತ ಎಲ್ಲವನ್ನೂ ತಿನ್ನಲೂ ಇಲ್ಲ.

ಎಲ್ಲರೂ ಹೆದರುವುದು ಸಿಮೆಂಟ್ ಧೂಳಿಗೆ. ಉಸಿರಿಗೆ ಅದು ಕೆಟ್ಟದ್ದೇ. ಗ್ರಾನೈಟ್ ಕತ್ತರಿಸುವ ಧೂಳಂತೂ ಶ್ವಾಸಕೋಶವನ್ನೇ ಹಾಳು ಮಾಡುತ್ತದೆ. ಅದಕ್ಕೇ ಕೆಲಸ ಮುಗಿಯುವವರೆಗೆ ಮಕ್ಕಳನ್ನು ಹಿತ್ತಲಿಗೆ ಬಿಡಲಿಲ್ಲ. ಆದರೆ ಕಾಯಿಪಲ್ಯದ ಮೇಲೆ ಕೂತದ್ದು ತೊಳೆದರೆ ಹೋಗುತ್ತದೆ. ನಾವು ವಿಚಾರಿಸಬೇಕಾದ್ದು ಎರಡು: ಏನು ಒಡೆದರು, ಯಾವ ಔಷಧಿ ಹೊಡೆದರು.

ಒಡೆದದ್ದರಲ್ಲಿ ನನಗೆ ಚಿಂತೆ ಹತ್ತಿದ್ದು ಬಾಗಿಲು, ಕಿಟಕಿಗಳದ್ದು. ಪದರ ಪದರ ಹಸಿರು ಎನಾಮಲ್, ಉಗುರಿನಷ್ಟು ಉಗುರಿನಷ್ಟು ಚೂರಾಗಿ ಕಂಪೌಂಡ್ ಬುಡದಲ್ಲಿ ಬಿದ್ದಿತ್ತು. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಸೀಸ ಮಣ್ಣು ಸೇರಿತೆಂದರೆ ಅಲ್ಲೇ ಅಂಟಿ ಕೂರುತ್ತದೆ. ಗಿಡ ಹೀರುವುದು ಕಮ್ಮಿ, ಕಾಯಿವರೆಗೆ ಏರುವುದು ಇನ್ನೂ ಕಮ್ಮಿ. ನಮ್ಮ ಕರಿ ಮಣ್ಣು ಕ್ಷಾರದ್ದು, ಮೇಲೆ ಜಿಗುಟು. ಈ ವಿಷಯದಲ್ಲಿ ಅದು ನಮಗೆ ಅನುಕೂಲವೇ. ತೊಂದರೆ ಬರುವುದು ಮಣ್ಣೇ ಬಾಯಿಗೆ ಹೋದಾಗ. ಮೂಲಂಗಿಯ ಸಿಪ್ಪೆಯಲ್ಲಿ, ತಪ್ಪಲ ಪಲ್ಯದ ಬುಡದಲ್ಲಿ, ಆಡಿ ಬಂದ ಮಕ್ಕಳ ಕೈಯಲ್ಲಿ.

ಮೇಲಿನ ಮಣ್ಣು ಕೆರೆದು ತೆಗೆದರೆ ಆಯಿತು ಅನ್ನುತ್ತಾರೆ. ನಮ್ಮ ಕಡೆ ಅದು ಅಷ್ಟು ಸಲೀಸಲ್ಲ. ಬೇಸಿಗೆಯಲ್ಲಿ ಎರೆ ಮಣ್ಣು ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ, ಬಣ್ಣದ ಚೂರು ಸೀದಾ ಒಳಗೆ ಇಳಿಯುತ್ತದೆ. ಪಕ್ಕದವರು ಕೆಡವುತ್ತಾರೆಂದು ಗೊತ್ತಾದ ಕೂಡಲೇ ಮಣ್ಣಿಗೆ ನೀರು ಬಿಟ್ಟು ಬಿರುಕು ಮುಚ್ಚಿಸಿ, ಮೇಲೆ ತಾಡಪತ್ರಿ ಹಾಸಿಬಿಡುವುದು ಒಳ್ಳೆಯದು. ನಾನು ಸಿಕ್ಕ ಚೂರನ್ನೆಲ್ಲ ಕೈಗವಸು ಹಾಕಿಕೊಂಡು ಆರಿಸಿದೆ. ಶೀಟಿನ ತುಂಡುಗಳನ್ನೂ ನೀರು ಚಿಮುಕಿಸಿಯೇ ಎತ್ತಿದೆ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಗಿಡಕ್ಕೆ ಏರುವ ವಸ್ತು ಅದಲ್ಲ, ಒಣಗಿದ್ದಾಗ ಗುಡಿಸಿದರೆ ಮೂಗಿಗೆ ಬರುತ್ತದೆ.

ಮಣ್ಣನ್ನು ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬಹುದು ಅಲ್ವಾ ಎಂದು ಕೆಲವರು ಕೇಳುತ್ತಾರೆ. ಮಾಡಿಸಿ, ಒಳ್ಳೆಯದೇ. ಆದರೆ ಮಣ್ಣು ಆರೋಗ್ಯ ಚೀಟಿಯಲ್ಲಿ ಬರುವ 12 ಅಂಶಗಳಲ್ಲಿ ಸೀಸ ಇಲ್ಲ. ಅದಕ್ಕೆ ಬೇರೆ ಲ್ಯಾಬ್ ಹುಡುಕಿ, ಸೀಸ ಅಂತ ಬಾಯಿಬಿಟ್ಟು ಕೇಳಬೇಕು. ನಾನು ಚೂರು ಬಿದ್ದ ಜಾಗದ ಮೇಲ್ಮಣ್ಣನ್ನೇ ಕಲೆಸಿ ಹೈದರಾಬಾದಿಗೆ ಕಳಿಸಿದೆ. ಅಮೆರಿಕದವರು ಮನೆ ಅಂಗಳದ ಮಣ್ಣಿಗೆ ಇಟ್ಟಿದ್ದ 400 ಪಿಪಿಎಂ ಗೆರೆಯನ್ನು 2024ರಲ್ಲಿ 200ಕ್ಕೆ ಇಳಿಸಿದರು. ನಮ್ಮದು ಅದರೊಳಗೇ ಬಂತು. ನಿಂಬೆರಸ ಹಾಕಿ, ನೊರೆ ಬಂದರೆ ಸಿಮೆಂಟ್ ಇದೆ ಅನ್ನುವ ಪರೀಕ್ಷೆ ನಮಗೆ ಸುಮ್ನೆ ದಂಡ. ನಮ್ಮ ಮಣ್ಣಲ್ಲಿ ಮೊದಲೇ ಸುಣ್ಣದ ಹರಳು ಇರುತ್ತದೆ, ನೊರೆ ಬಂದೇ ಬರುತ್ತದೆ.

ಇನ್ನು ಹೊಡೆದದ್ದು. ಹೊಸ ಪಾಯದ ಸುತ್ತ ಏನೋ ಸುರಿಯುತ್ತಿದ್ದರು, ವಾಸನೆ ಅಡುಗೆ ಮನೆವರೆಗೆ. ಗೌಂಡಿಯನ್ನು ಕೇಳಿದೆ. "ಗೆದ್ದಲಿಗಿ ಎಣ್ಣಿ ಹಾಕ್ಲತೀವ್ರಿ ಅಕ್ಕೋರ" ಅಂದ. ಕ್ಯಾನ್ ತೋರಿಸು ಅಂದೆ. ಕ್ಲೋರ್‌ಪೈರಿಫಾಸ್. ಅದು ಮಣ್ಣಿಗೆ ಗಟ್ಟಿ ಅಂಟುತ್ತದೆ, ಜಾಸ್ತಿ ಹರಿಯುವುದಿಲ್ಲ, ಆದರೆ ಪಾಯಕ್ಕೆ ಹಾಕುವ ಪ್ರಮಾಣದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಗೆದ್ದಲಿಗೇ ಹಾಕುವ ಇನ್ನೊಂದು ಔಷಧಿ ಇಮಿಡಾಕ್ಲೋಪ್ರಿಡ್ ಆಗಿದ್ದರೆ ನಾನು ಇನ್ನೂ ದೂರ ಸರಿಯುತ್ತಿದ್ದೆ, ಅದು ಬೇರಿನಿಂದ ಎಲೆಗೆ ಏರುವ ಜಾತಿ. ಕಂಪೌಂಡಿಗೆ ಹತ್ತಿದ ಪಟ್ಟಿಯಲ್ಲಿದ್ದ ಪುಂಡಿ, ಮೂಲಂಗಿ ಎಲ್ಲ ಕಿತ್ತೆ. ಗೊಬ್ಬರದ ಗುಂಡಿಗೂ ಹಾಕಲಿಲ್ಲ. ಅಲ್ಲೀಗ ದಾಸವಾಳ ಇದೆ.

ದೂರದ ಹೀರೇಕಾಯಿ, ಬದನೆ ತಿಂದೆವು. ಮೆಂತ್ಯದ ಧೂಳು ಹಿಡಿದ ಎಲೆ ಕತ್ತರಿಸಿ ಒಗೆದು, ಹೊಸ ಚಿಗುರು ಬಂದ ಮೇಲೆ ಬುಡ ಬಿಟ್ಟು ಕೊಯ್ದೆ. ತೊಳೆಯುವಾಗ ಒಂದು ಮಾತು: ದೊಡ್ಡ ಬೋಗಣಿಯಲ್ಲಿ ನೆನೆಸಿ, ತಪ್ಪಲನ್ನು ಮೇಲಿಂದ ಎತ್ತಿಕೊಳ್ಳಬೇಕು. ಬೋಗಣಿ ಬಗ್ಗಿಸಿ ನೀರು ಬಸಿದರೆ ತಳದ ಕೆಸರು ಮತ್ತೆ ಎಲೆಗೇ ಹತ್ತುತ್ತದೆ. ಮೊದಲ ನೀರಿನ ತಳದಲ್ಲಿ ಬೂದು ಬಣ್ಣದ, ಬೆರಳಿಗೆ ರವೆಯಂತೆ ಹತ್ತುವ ಪುಡಿ ಕೂತಿತ್ತು. ಕೈಗೆ ಏನೂ ಹತ್ತದಿರುವವರೆಗೆ ನೀರು ಬದಲಿಸಿದೆ.

ಮುಂದಿನ ಹಂಗಾಮಿನಲ್ಲಿ ಟೊಮ್ಯಾಟೊ ಎಳೆ ಎಲೆ ಹಳದಿಯಾಯಿತು, ನರ ಮಾತ್ರ ಹಸಿರು. ಸಿಮೆಂಟು ಬಿದ್ದು ಕ್ಷಾರ ಏರಿದರೆ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ. ತಿನ್ನಲು ಅಡ್ಡಿಯಿಲ್ಲ, ಇಳುವರಿ ಬೀಳುತ್ತದೆ ಅಷ್ಟೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ, ಬುಡಕ್ಕೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕೊಟ್ಟೆ. ಹೊಸ ಎಲೆ ಹಸಿರಾಗಿಯೇ ಬಂತು.