ದ್ವೀಪದ ಪಾರಿವಾಳಕ್ಕೆ ಹುಬ್ಬಳ್ಳಿಯ ಸಾಕ್ಷಿ: ನನ್ನ ಅನುಭವ

ನಮ್ಮ ಸಂಶೋಧನಾ ಪ್ರಬಂಧಕ್ಕೆ ಪತ್ರಿಕೆಯೊಂದರ ಒಪ್ಪಿಗೆ ಸಿಕ್ಕಿದೆ. ಹಿಂದೂ ಮಹಾಸಾಗರದ ಮಸ್ಕರೀನ್ ದ್ವೀಪಗಳಲ್ಲೊಂದರ (ಮಾರಿಷಸ್, ರಾಡ್ರಿಗಸ್ ಮೊದಲಾದವು) ಗುಹೆಯಲ್ಲಿ ದೊರೆತ ಎಲುಬುಗಳನ್ನು ಆಧರಿಸಿ, ಅಳಿದುಹೋದ ಪಾರಿವಾಳವೊಂದನ್ನು ಹೊಸ ಪ್ರಭೇದವೆಂದು ವಿವರಿಸಿದ್ದೇವೆ. ದ್ವೀಪ ಯಾವುದು, ಹಕ್ಕಿಗೆ ಇಟ್ಟ ಹೆಸರೇನು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ವಿವರಣೆ ಅಚ್ಚಾಗುವ ಮುನ್ನ ಹೆಸರು ಹೊರಬಿದ್ದರೆ ಆ ಹೆಸರಿನ ಮಾನ್ಯತೆಗೇ ಆಗುವ ತೊಡಕು ಈ ಕೆಲಸ ಮಾಡುವವರಿಗೆಲ್ಲ ಗೊತ್ತೇ ಇದೆ. ಆದರೆ ವಿಧಾನದ ಬಗ್ಗೆ ಬರೆಯಲೇಬೇಕು. ಹಾರಲಾರದ ಡೋಡೋ ಹಕ್ಕಿ ಬಾಳಿ ಅಳಿದ ಆ ದ್ವೀಪಸಮೂಹ ಎಲ್ಲಿ, ಧಾರವಾಡ ಎಲ್ಲಿ, ಮೂಲ ಎಲುಬನ್ನೇ ಮುಟ್ಟದವನು ಪ್ರಭೇದ ವಿವರಿಸುವುದುಂಟೇ ಎಂದು ಕೇಳಿದವರು ಬಹಳ ಮಂದಿ. ಅವರಲ್ಲಿ ಕೆಲವರು ನನಗೆ ಪಾಠ ಹೇಳಿದ ಗುರುಗಳೇ.

ಎಲುಬುಗಳು ವಿದೇಶದ ಸಂಗ್ರಹಾಲಯವೊಂದರಲ್ಲಿವೆ. ಅಲ್ಲಿನ ಸಂಗ್ರಹಪಾಲಕರು ಮೇಲ್ಮೈ ಸ್ಕ್ಯಾನ್‌ಗಳನ್ನು ಕಳುಹಿಸಿದರು. ಎರಡು ಪೂರ್ಣ ಟಾರ್ಸೋಮೆಟಾಟಾರ್ಸಸ್ (ಬೆರಳುಗಳ ಮೇಲಿನ ಕಾಲೆಲುಬು), ಮೂರು ಕೊರಕಾಯ್ಡ್ (ಭುಜವನ್ನು ಎದೆಯೆಲುಬಿಗೆ ಕೂಡಿಸುವ ಎಲುಬು), ಒಂದು ತುದಿ ಮುರಿದ ಹ್ಯೂಮರಸ್ (ರೆಕ್ಕೆಯ ಮೇಲ್ಭಾಗದ ಎಲುಬು), ಒಂದು ಪೂರ್ಣ ಹ್ಯೂಮರಸ್, ತೊಡೆಯೆಲುಬಿನ ತುಂಡುಗಳು. ಅವರ ಪ್ರಕಾರ ಇವು ಈಗಾಗಲೇ ಗೊತ್ತಿರುವ ಪಾರಿವಾಳದ ದೊಡ್ಡ ಗಾತ್ರದ ಕೆಲವು ಹಕ್ಕಿಗಳಾಗಿರಬಹುದಿತ್ತು. 2011ರಲ್ಲಿ ಅಳಿದ ಹಕ್ಕಿಗಳ ತಜ್ಞ ಜೂಲಿಯನ್ ಹ್ಯೂಮ್ ಮಸ್ಕರೀನ್ ಪಾರಿವಾಳಗಳನ್ನೆಲ್ಲ ಪರಿಶೀಲಿಸಿ ಮೂರು ಹೊಸ ಪ್ರಭೇದಗಳನ್ನು ವಿವರಿಸಿದ ಮೇಲೆ, ಅಲ್ಲಿ ಇನ್ನೊಂದಕ್ಕೆ ಜಾಗವಿದೆ ಎಂದು ನಂಬಲು ಯಾರೂ ತಯಾರಿರಲಿಲ್ಲ.

ನನ್ನ ಪ್ರಶ್ನೆ ಬೇರೆಯೇ ಇತ್ತು. ಒಂದೇ ಪ್ರಭೇದದೊಳಗೆ ಎಲುಬು ಎಷ್ಟರ ಮಟ್ಟಿಗೆ ಬದಲಾಗಬಹುದು? ಸಂಗ್ರಹಾಲಯಗಳಲ್ಲಿ ಹಕ್ಕಿಗಳ ಚರ್ಮಗಳು ಸಾವಿರಗಟ್ಟಲೆ ಇರುತ್ತವೆ, ಪೂರ್ಣ ಅಸ್ಥಿಪಂಜರಗಳು ಮಾತ್ರ ಕಡಿಮೆ. ಅದರಲ್ಲೂ ವಯಸ್ಸು, ಲಿಂಗ ಖಚಿತವಾಗಿ ಗೊತ್ತಿರುವವು ಇನ್ನೂ ಕಡಿಮೆ. ಈ ಅಂದಾಜಿಲ್ಲದೆ ಹೆಸರಿಟ್ಟರೆ ಏನಾಗುತ್ತದೆ ಎಂಬುದಕ್ಕೆ ರಾಡ್ರಿಗಸ್‌ನ ಸಾಲಿಟೇರ್ ಎಂಬ, ಡೋಡೋದ ಬಂಧುವಾದ ಅಳಿದ ಹಕ್ಕಿಯೇ ಸಾಕ್ಷಿ. ಅದರ ಗಂಡು ಹೆಣ್ಣುಗಳ ಗಾತ್ರದಲ್ಲಿ ಎಷ್ಟು ವ್ಯತ್ಯಾಸವಿತ್ತೆಂದರೆ, 19ನೇ ಶತಮಾನದಲ್ಲಿ ಅವುಗಳನ್ನು ಎರಡು ಬೇರೆ ಪ್ರಭೇದಗಳೆಂದು ಎಣಿಸಿದ್ದೂ ಉಂಟು.

ಉತ್ತರ ಹಳೇ ಹುಬ್ಬಳ್ಳಿಯ ಮಾಳಿಗೆಗಳ ಮೇಲೆ ಇತ್ತು. ಅಲ್ಲಿ ಪಂದ್ಯದ ಪಾರಿವಾಳ ಸಾಕುವವರಿದ್ದಾರೆ. ಪಂದ್ಯದ ತಳಿಯಾದ ಹೋಮರ್ ಹಕ್ಕಿಯ ಕಾಲಿಗೆ ಮರಿಯಿದ್ದಾಗಲೇ ರಿಂಗ್ ತೊಡಿಸುತ್ತಾರೆ, ಅದರ ಮೇಲೆ ಹುಟ್ಟಿದ ವರ್ಷ ಇರುತ್ತದೆ. ಗಂಡು ಯಾವುದು, ಹೆಣ್ಣು ಯಾವುದು, ಎಷ್ಟು ಸಲ ಮೊಟ್ಟೆಯಿಟ್ಟಿತು, ಯಾವ ರೋಗಕ್ಕೆ ಸತ್ತಿತು, ಎಲ್ಲವೂ ಸಾಕಿದವರ ಬಾಯಲ್ಲೇ ಇದೆ. ಇಂಥ ದಾಖಲೆ ಎಷ್ಟೋ ಸಂಗ್ರಹಾಲಯಗಳ ಚೀಟಿಗಳಲ್ಲಿ ಸಿಗುವುದಿಲ್ಲ. ಅಲ್ಲೊಬ್ಬ ಹಿರಿಯ ಚಾಚಾ ಇದ್ದಾರೆ. ಮೊದಲ ಬಾರಿ ಹೋದಾಗ, "ಸತ್ತ ಹಕ್ಕಿ ತೆಗೆದುಕೊಂಡು ಏನು ಮಾಡುತ್ತೀರಿ ಸರ್?" ಎಂದು ಅನುಮಾನದಿಂದ ನೋಡಿದ್ದರು. ಸ್ಕ್ಯಾನ್‌ನ ಚಿತ್ರ ತೋರಿಸಿ ವಿಷಯ ಹೇಳಿದ ಮೇಲೆ ಒಂದು ಹಕ್ಕಿ ಸತ್ತರೂ ಫೋನ್ ಮಾಡುತ್ತಿದ್ದರು. ಗಿರೇಬಾಜ್, ಲಕ್ಕಾ, ಹೋಮರ್, ಪೌಟರ್ ಎಂದು ತಳಿ ಬರೆದ ಚೀಟಿ ಕಟ್ಟಿ ಅವರೇ ಇಡುತ್ತಿದ್ದರು. ಅವರ ಮನೆಯ ಮೂಲಕವೇ ಬೇರೆ ಸಾಕಣೆದಾರರ ಪರಿಚಯವಾಯಿತು. ನಾಲ್ಕೈದು ವರ್ಷಗಳಲ್ಲಿ ನೂರರ ಹತ್ತಿರ ಅಸ್ಥಿಪಂಜರಗಳಾದವು.

ಕಾಡುಹಕ್ಕಿಗಳನ್ನು ನಾನು ಮುಟ್ಟುವುದಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಆ ಕಡೆಯ ಪರಿಚಿತರೊಬ್ಬರು ಸತ್ತ ಒಂದನ್ನು ತಂದುಕೊಡುವುದಾಗಿ ಹೇಳಿದರು. ಬೇಡ, ಅರಣ್ಯ ಇಲಾಖೆಗೆ ತಿಳಿಸಿ ಎಂದೆ. 1972ರ ವನ್ಯಜೀವಿ ಕಾಯ್ದೆ ಅಷ್ಟು ಸಡಿಲವಾಗಿಲ್ಲ, ಸಡಿಲವಾಗಿರಲೂಬಾರದು.

ಎಲುಬು ಬಿಡಿಸುವ ಕೆಲಸದಲ್ಲಿ ಹೋದ ಕಾಲ, ಹಣ ಎರಡೂ ಹೆಚ್ಚು. ಸೋಡಾ ಹಾಕಿ ಕುದಿಸಿದವು ಸುಣ್ಣದಂತಾದವು, ಕೊರಕಾಯ್ಡ್‌ನ ಅಂಚುಗಳು ಪುಡಿಯಾಗಿ ಅಳತೆಗೆ ಬಾರದೆ ಹೋದವು. ಚರ್ಮ ತಿನ್ನುವ ಹುಳುಗಳನ್ನು ಸಾಕಿದೆ. ಧಾರವಾಡದ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಪೆಟ್ಟಿಗೆಗೆ ಬೂಸ್ಟು ಹಿಡಿದು ಹುಳುಗಳೆಲ್ಲ ಸತ್ತವು. ಕೊನೆಗೆ ನಿಂತದ್ದು ನೀರಿನಲ್ಲಿ ಕೊಳೆಸುವ ಹಳೆಯ ಪದ್ಧತಿಯ ಮೇಲೆಯೇ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮೂರು ವಾರಕ್ಕೆ ಸ್ವಚ್ಛವಾಗುವುದು ಮಳೆಗಾಲದಲ್ಲಿ ಎರಡು ತಿಂಗಳಾದರೂ ಆಗುವುದಿಲ್ಲ. ಹಾಗಾಗಿ ವರ್ಷವಿಡೀ ಬಂದ ಹಕ್ಕಿಗಳನ್ನು ಶೈತ್ಯಪೆಟ್ಟಿಗೆಯಲ್ಲಿಟ್ಟು ಬೇಸಿಗೆಗೆ ಒಟ್ಟಿಗೆ ಹಾಕುವುದೇ ಸರಿ. ಹುಬ್ಬಳ್ಳಿಯ ಐಸ್‌ಕ್ರೀಮ್ ಅಂಗಡಿಯೊಂದರಿಂದ ಹಳೆಯ ಪೆಟ್ಟಿಗೆಯನ್ನು ಒಂಬತ್ತು ಸಾವಿರದ ಆಸುಪಾಸಿಗೆ ಕೊಂಡೆ. ಓಣಿಯವರು ವಾಸನೆಗೆ ಜಗಳ ತೆಗೆದ ಮೇಲೆ ಮಡಿಕೆಗಳನ್ನೆಲ್ಲ ನವಲಗುಂದದ ಕಡೆ ಗೆಳೆಯರ ಹೊಲಕ್ಕೆ ಸಾಗಿಸಿದೆ. ಒಂದು ಮಾತು ನೆನಪಿರಲಿ: ಎಡಗಾಲು, ಬಲಗಾಲು, ಎಡರೆಕ್ಕೆ, ಬಲರೆಕ್ಕೆ ಬೇರೆ ಬೇರೆ ನೈಲಾನ್ ಜಾಳಿಗೆಯಲ್ಲಿ ಇರಬೇಕು. ಬೆರೆತರೆ ಸರಿಪಡಿಸಲು ಸಾಧ್ಯವಿಲ್ಲ ಎಂದಲ್ಲ, ಆದರೆ ಅಷ್ಟು ಆಯುಷ್ಯ ಯಾರಿಗಿದೆ? ಕೊಬ್ಬು ಬಿಡಿಸಲು ನಾನು ಬಳಸುವ ಮಿಶ್ರಣವನ್ನು ಇಲ್ಲಿ ಬರೆಯುವುದಿಲ್ಲ. ವರ್ಷಗಟ್ಟಲೆ ಪ್ರಯತ್ನಿಸಿ ಕಂಡುಕೊಂಡದ್ದು, ಪಾರಿವಾಳದ ಎಲುಬು ಮೂರು ವರ್ಷವಾದರೂ ಹಳದಿಯಾಗುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಕೋಳಿ ಅಂಗಡಿಯ ಎಲುಬಿನಿಂದ ಹೋಲಿಕೆ ಮಾಡಲು ಹೊರಡುವ ವಿದ್ಯಾರ್ಥಿಗಳಿಗೆ ಇದೇ ಸಂದರ್ಭದಲ್ಲಿ ಹೇಳಬೇಕು. ಫಾರಂ ಕೋಳಿಯನ್ನು ನಲವತ್ತು ದಿನಕ್ಕೆಲ್ಲ ಕಡಿಯುತ್ತಾರೆ. ಎಲುಬಿನ ತುದಿಗಳು ಆಗಿನ್ನೂ ಮೃದ್ವಸ್ಥಿ, ನೀರಿಗೆ ಹಾಕಿದರೆ ಕಳಚಿ ಬೀಳುತ್ತವೆ. ಬೇಕಿದ್ದರೆ ಮೊಟ್ಟೆಯಿಟ್ಟ ಜವಾರಿ ಕೋಳಿಯನ್ನು ಹುಡುಕಿ. ಹಾಗೆ ತಂದ ಒಂದು ಜವಾರಿ ಕೋಳಿಯ ಮೇಲೆ ತೂಕದ ಪರೀಕ್ಷೆಯನ್ನೂ ಮಾಡಿದೆ. ತೊಡೆಯೆಲುಬಿನ ಅತಿ ಸಣ್ಣ ಸುತ್ತಳತೆಯಿಂದ ಹಕ್ಕಿಯ ತೂಕ ಅಂದಾಜಿಸುವ ಸೂತ್ರವೊಂದಿದೆ, ಕ್ಯಾಂಪ್‌ಬೆಲ್ ಮತ್ತು ಮಾರ್ಕಸ್ ಎಂಬ ಸಂಶೋಧಕರದು. ಕೋಳಿಯನ್ನು ಜೀವಂತ ತೂಗಿದಾಗ ಒಂದೂವರೆ ಕಿಲೋಗೆ ಸ್ವಲ್ಪ ಕಡಿಮೆ ಇತ್ತು. ಎಲುಬಿಗೆ ದಾರ ಸುತ್ತಿ ಅಳೆದರೆ 22 ಮಿ.ಮೀ. ಬಂತು, ಲೆಕ್ಕ ಒಂದೂವರೆ ಕಿಲೋ ಹತ್ತಿರಕ್ಕೇ ಬಂದು ನಿಂತಿತು. ನಮ್ಮ ಮನೆಯಲ್ಲಿ ಈ ವಿಜ್ಞಾನಕ್ಕೆ ಸಿಕ್ಕ ಮೊದಲ ಮೆಚ್ಚುಗೆ ಅದೇ.

ಸ್ಕ್ಯಾನ್ ಆಧರಿಸಿ 3ಡಿ ಪ್ರಿಂಟರ್‌ನಲ್ಲಿ ಮುದ್ರಿಸಿದ ಎಲುಬಿನ ವಿಷಯ ಬೇರೆ. ಸ್ಕ್ಯಾನ್ ಅನ್ನು ಪರದೆಯ ಮೇಲೆ ನೋಡುವುದಕ್ಕೂ ಕೈಯಲ್ಲಿ ತಿರುಗಿಸುವುದಕ್ಕೂ ಬಹಳ ಅಂತರವಿದೆ. ಸ್ನಾಯು ಅಂಟಿದ ಗೆರೆಯನ್ನು ಉಗುರಿನ ತುದಿ ಕಣ್ಣಿಗಿಂತ ಮೊದಲು ಗುರುತಿಸುತ್ತದೆ. ಹುಬ್ಬಳ್ಳಿಯ ವರ್ಕ್‌ಶಾಪ್ ಒಂದರಲ್ಲಿ ಪ್ಲಾಸ್ಟಿಕ್ ತಂತಿ ಕರಗಿಸುವ ಪ್ರಿಂಟರ್‌ನಲ್ಲಿ ಮೊದಲ ಕಂತು ಮಾಡಿಸಿದೆ. ಪದರದ ಗೆರೆಗಳೇ ಎದ್ದು ಕಂಡು, ನೋಡಬೇಕಾದ ಗೆರೆಗಳು ಮುಚ್ಚಿಹೋದವು. ಆರು ಸಾವಿರ ಹೋಯಿತು. ಎರಡನೆಯ ಕಡೆಯಲ್ಲಿ ಎಲುಬುಗಳು ಸಾಸಿವೆ ಕಾಳಿನಷ್ಟು ಬಂದವು! ಆ ಮಾದರಿಯ ಫೈಲಿನಲ್ಲಿ ಏಕಮಾನವೇ ಇರುವುದಿಲ್ಲ, ಅವರ ಯಂತ್ರ ಅಳತೆಯನ್ನು ಬೇರೆಯಾಗಿ ಓದಿತ್ತು. ಆಮೇಲೆ ದ್ರವ ರಾಳವನ್ನು ಬೆಳಕಿನಿಂದ ಗಟ್ಟಿಮಾಡುವ ರೆಸಿನ್ ಪ್ರಿಂಟಿಂಗ್‌ಗೆ ಬಂದೆ. ಪ್ರತಿ ಎಲುಬಿನ ಪಕ್ಕದಲ್ಲೂ 20 ಮಿ.ಮೀ. ಉದ್ದದ ಒಂದು ಪಟ್ಟಿಯನ್ನು ಸೇರಿಸಿ ಮುದ್ರಿಸುತ್ತೇನೆ. ಪಟ್ಟಿಯನ್ನು ಕ್ಯಾಲಿಪರ್‌ನಿಂದ ಅಳೆದರೆ ರೆಸಿನ್ ಎಷ್ಟು ಕುಗ್ಗಿದೆ ಎಂಬುದು ತಿಳಿಯುತ್ತದೆ. ನನ್ನ ಅಳತೆಗಳನ್ನು ಸಹಲೇಖಕರು ಮೂಲ ಎಲುಬಿನ ಮೇಲೆ ಪರೀಕ್ಷಿಸಿದಾಗ ವ್ಯತ್ಯಾಸ ಹೆಚ್ಚೆಂದರೆ 0.2 ಮಿ.ಮೀ. ಇತ್ತು. ಕೆಲವು ಕಡೆ ಅಷ್ಟೂ ಇರಲಿಲ್ಲ. ಮೂಲ ಮುಟ್ಟದೆ ಆಗುವುದಿಲ್ಲ ಎಂದವರಿಗೆ ನಾನು ಈ ಕೋಷ್ಟಕವನ್ನೇ ಕಳುಹಿಸಿದೆ.

ಈಗ ಮುಖ್ಯ ವಿಷಯ. ಸಾಧಾರಣ ಹೋಮರ್‌ನ ಹ್ಯೂಮರಸ್ 46 ಮಿ.ಮೀ. ಆಸುಪಾಸು, ಟಾರ್ಸೋಮೆಟಾಟಾರ್ಸಸ್ 32 ಅಥವಾ 33. ಅಂದರೆ ರೆಕ್ಕೆಯೆಲುಬು ಕಾಲೆಲುಬಿನ ಸುಮಾರು 1.4ರಷ್ಟು. ನಮ್ಮ ಗುಹೆಯ ಹಕ್ಕಿಯ ಕಾಲೆಲುಬು 41, ಹ್ಯೂಮರಸ್ 45. ಅನುಪಾತ 1.1. ಪತ್ರಿಕೆ ನೇಮಿಸಿದ ಮೊದಲ ಪರಿಶೀಲಕರ ಆಕ್ಷೇಪ: ಸಾಕುತಳಿಗಳು ಮನುಷ್ಯ ತಿರುಚಿದ ಹಕ್ಕಿಗಳು, ಅವುಗಳಿಂದ ಯಾವ ನಿರ್ಣಯವೂ ಸಲ್ಲದು. ನಾನು ಬರೆದ ಉತ್ತರ: ಹೌದು, ಅದಕ್ಕಾಗಿಯೇ ಅವು ಬೇಕು. ಮನುಷ್ಯ ಬೇಕೆಂದೇ ಎಳೆದು ತಿರುಚಿದರೂ ಪಾರಿವಾಳದ ಎಲುಬು ಇಲ್ಲಿಗೆ ಬಂದು ಮುಟ್ಟದಿದ್ದರೆ, ಕಾಡಿನಲ್ಲಿ ಒಂದೇ ಪ್ರಭೇದದೊಳಗಿನ ಸಹಜ ಏರುಪೇರು ಅಲ್ಲಿಗೆ ಮುಟ್ಟುವ ಸಂಭವ ಇನ್ನೂ ಕಡಿಮೆ. ನನ್ನ ಸಂಗ್ರಹದಲ್ಲಿ ಹತ್ತಿರ ಬಂದದ್ದು ಉದ್ದ ಕಾಲಿನ ಪೌಟರ್ ಮಾತ್ರ, ಅದೂ 1.25ರವರೆಗೆ. ಅದರ ಕೊರಕಾಯ್ಡ್ ಹಾರುವ ಹಕ್ಕಿಯದೇ, ಎಲ್ಲಿಯೂ ಸಣ್ಣಗಾಗಿಲ್ಲ. ಗುಹೆಯ ಹಕ್ಕಿಯ ಕೊರಕಾಯ್ಡ್ ಗಿಡ್ಡ, ಎದೆಯೆಲುಬಿಗೆ ಕೂರುವ ಭಾಗ ಅಗಲ. ಇದು ಕಷ್ಟಪಟ್ಟು ಹಾರುತ್ತಿದ್ದ, ಬಹುಪಾಲು ನೆಲದ ಮೇಲೇ ಓಡಾಡುತ್ತಿದ್ದ ಹಕ್ಕಿ ಎಂದು ಧೈರ್ಯವಾಗಿ ಬರೆದೆವು. ಡೋಡೋಗೆ ಇಂದು ಬದುಕಿರುವ ಅತಿ ಹತ್ತಿರದ ಬಂಧುವಾದ ನಿಕೋಬಾರ್ ಪಾರಿವಾಳದ ಸ್ಕ್ಯಾನ್ ಜೊತೆಗೂ ಹೋಲಿಸಿದೆವು. ಅದು ದ್ವೀಪದಿಂದ ದ್ವೀಪಕ್ಕೆ ಹಾರುವ ಹಕ್ಕಿ, ರೆಕ್ಕೆಯ ಎಲುಬು ಗಟ್ಟಿಮುಟ್ಟು.

ಇಲ್ಲೊಂದು ಉಪಪ್ರಯೋಗವೂ ಆಯಿತು. ಗೂಡಿನಲ್ಲೇ ಕೂರುವ ಲಕ್ಕಾ, ದಿನವಿಡೀ ಆಕಾಶದಲ್ಲಿರುವ ಗಿರೇಬಾಜ್: ಇವೆರಡರ ಎದೆಯೆಲುಬಿನ ಏಣನ್ನು (ಹಾರುವ ಸ್ನಾಯು ಅಂಟುವ ಮುಂಚಾಚನ್ನು) ಹೋಲಿಸಿದೆ. ಲಕ್ಕಾದ ಏಣು ತುಸು ತಗ್ಗು. ಕಾಲು ರೆಕ್ಕೆಗಳ ಅನುಪಾತ ಮಾತ್ರ ಹೆಚ್ಚೂ ಕಡಿಮೆ ಅದೇ. ಡಾರ್ವಿನ್ ಕೂಡ ಪಾರಿವಾಳ ಸಾಕಿ, ಅಸ್ಥಿಪಂಜರ ತಯಾರಿಸಿ ಅಳೆದವನು. ಇಡೀ ಅಸ್ಥಿಪಂಜರದ ತೂಕಕ್ಕೆ ಹೋಲಿಸಿದರೆ ಸಾಕು ಬಾತುಕೋಳಿಯ ರೆಕ್ಕೆಯೆಲುಬು ಕಾಡುಬಾತಿಗಿಂತ ಹಗುರ, ಕಾಲೆಲುಬು ಭಾರ ಎಂದು ತೋರಿಸಿದವನೂ ಅವನೇ. ಆ ಕೆಲಸವನ್ನು ಇಲ್ಲಿ ಮುಂದುವರಿಸಲು ಯಾರಾದರೂ ಸಂಶೋಧನಾ ವಿದ್ಯಾರ್ಥಿ ಸಿದ್ಧರಿದ್ದರೆ ನನ್ನ ಅಳತೆಗಳನ್ನೆಲ್ಲ ಕೊಡುತ್ತೇನೆ.

ಎರಡನೆಯ ಪರಿಶೀಲಕರ ಪ್ರಶ್ನೆ ಹೆಚ್ಚು ಗಟ್ಟಿಯಾಗಿತ್ತು. ಗುಹೆಯಲ್ಲಿ ಎಲುಬುಗಳು ಕಲಸಿ ಬಿದ್ದಿರುತ್ತವೆ, ರೆಕ್ಕೆಯೂ ಕಾಲೂ ಒಂದೇ ಹಕ್ಕಿಯವು ಎಂಬುದಕ್ಕೆ ಆಧಾರವೇನು? ಒಂದೇ ಹಕ್ಕಿಯದೆಂದು ನಾವು ಎಲ್ಲಿಯೂ ಹೇಳಿರಲಿಲ್ಲ. ಹೋಲೋಟೈಪ್ ಆಗಿ, ಅಂದರೆ ಹೆಸರಿಗೆ ಆಧಾರವಾಗುವ ಮಾದರಿಯಾಗಿ, ಒಂದೇ ಒಂದು ಬಲ ಟಾರ್ಸೋಮೆಟಾಟಾರ್ಸಸ್ ಅನ್ನು ಇಟ್ಟೆವು, ಉಳಿದವು ಪ್ಯಾರಾಟೈಪ್, ಅಂದರೆ ಜೊತೆಗಿನ ಮಾದರಿಗಳು. ಬೇರೆ ಬೇರೆ ಹಕ್ಕಿಗಳ ಎಲುಬು ಕೂಡಿಸಿ ಹೋಲೋಟೈಪ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಚಿತ್ರ ಚೆನ್ನಾಗಿ ಕಾಣುತ್ತದೆ. ಹೆಸರು ಉಳಿಯಬೇಕಾದರೆ ಆ ಆಸೆ ಬಿಡಿ. ಕಾಲೆಲುಬಿನ ಲಕ್ಷಣಗಳಿಂದಲೇ ಪ್ರಭೇದ ನಿಲ್ಲುವಂತೆ ವಿವರಣೆ ಬರೆದು, ಅನುಪಾತವನ್ನು ಪೂರಕ ಸಾಕ್ಷಿಯಾಗಿ ಇಟ್ಟೆವು.

ಮರಿಗಳಿರಬಹುದು ಎಂಬ ಅನುಮಾನ ರಿಂಗ್ ಹಕ್ಕಿಗಳಿಂದ ತೀರಿತು. ಪಾರಿವಾಳದ ಮರಿ ಒಂದು ತಿಂಗಳಲ್ಲಿ ಹೆಚ್ಚುಕಡಿಮೆ ಪೂರ್ಣ ಉದ್ದ ಬೆಳೆಯುತ್ತದೆ, ಆದರೆ ಎಲುಬಿನ ಮೇಲ್ಮೈಯಲ್ಲಿ ಸಣ್ಣ ರಂಧ್ರಗಳು ಉಳಿದಿರುತ್ತವೆ. ಉದ್ದ ನೋಡಿ ವಯಸ್ಸು ಹೇಳಲಾಗದು, ಮೇಲ್ಮೈ ನೋಡಿ ಹೇಳಬಹುದು. ನಮ್ಮ ಹೋಲೋಟೈಪ್ ನುಣುಪು. ಇನ್ನು, ತೊಡೆಯೆಲುಬಿನ ತುಂಡೊಂದರ ಒಳಗೆ ಹರಳುಹರಳಾದ ಪದರ ಕಂಡಿತ್ತು. ಗುಹೆಯ ಸುಣ್ಣ ಇಳಿದಿದೆ ಎಂದರು ಪರಿಶೀಲಕರು. ಮೊಟ್ಟೆಯಿಡುವ ಹೊತ್ತಿನಲ್ಲಿ ಸತ್ತ ಒಂದು ಹೋಮರ್ ಹೆಣ್ಣು ನನ್ನಲ್ಲಿತ್ತು, ಅದರ ತೊಡೆಯೆಲುಬನ್ನು ಕೊಯ್ದು ಚಿತ್ರ ಕಳುಹಿಸಿದೆ. ಸಂಗ್ರಹಾಲಯದವರು ತಮ್ಮದನ್ನು ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಎರಡರಲ್ಲೂ ಪದರ ಒಂದೇ ಬಗೆಯದು, ಮೊಟ್ಟೆಯ ಚಿಪ್ಪಿಗೆ ಕ್ಯಾಲ್ಸಿಯಂ ಕೂಡಿಡುವ ಮಜ್ಜೆಯ ಎಲುಬು. ಗುಹೆಯ ಹಕ್ಕಿಗಳಲ್ಲಿ ಒಂದು ಬಲಿತ ಹೆಣ್ಣು ಎಂಬುದು ಅಲ್ಲಿಗೆ ಖಚಿತವಾಯಿತು. ಚಾಚಾ ಆ ಹಕ್ಕಿಯನ್ನು ಕೊಡುವಾಗ, "ಮೊಟ್ಟೆ ಸಿಕ್ಕಿಕೊಂಡು ಹೋಯಿತು ಸರ್, ಒಳ್ಳೆಯ ಹಕ್ಕಿ" ಎಂದಿದ್ದರು. ಆ ಮಾತನ್ನು ಬರೆದಿಟ್ಟುಕೊಂಡಿರದಿದ್ದರೆ ಈ ಸಾಕ್ಷಿಯೇ ಇರುತ್ತಿರಲಿಲ್ಲ.

ಎಲುಬು ಯಾವ ಮಣ್ಣಿನಲ್ಲಿ ಎಷ್ಟು ಉಳಿಯುತ್ತದೆ ಎಂದು ನೋಡಲು ಗೆಳೆಯರ ಹೊಲದಲ್ಲಿ ಕೆಲವು ಕೋಳಿ ಎಲುಬುಗಳನ್ನು ಎರೆಮಣ್ಣಿನಲ್ಲಿ, ಧಾರವಾಡದ ಪಶ್ಚಿಮಕ್ಕೆ ಮಸಾರಿಯಲ್ಲಿ, ಮನೆಯಲ್ಲಿ ಸುಣ್ಣ ಬೆರೆಸಿದ ಮರಳಿನಲ್ಲಿ ಹೂಳಿದ್ದೇನೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ ಎಲುಬುಗಳನ್ನು ಎರಡೇ ವರ್ಷದಲ್ಲಿ ಸೀಳಿದೆ. ಸುಣ್ಣದಲ್ಲಿಟ್ಟವು ಹಾಗೆಯೇ ಇವೆ. ರಾಡ್ರಿಗಸ್‌ನ ಸುಣ್ಣಕಲ್ಲಿನ ಗುಹೆಗಳಲ್ಲಿ ಸಾಲಿಟೇರ್‌ನ ಎಲುಬು ಅಷ್ಟೊಂದು ಏಕೆ ಉಳಿದವು ಎಂಬುದು ಕೈಯಲ್ಲಿ ಹಿಡಿದಾಗ ಬೇರೆಯೇ ರೀತಿ ಅರ್ಥವಾಗುತ್ತದೆ.

ಒಟ್ಟು ಖರ್ಚು ಎಪ್ಪತ್ತು ಸಾವಿರದ ಆಸುಪಾಸು, ಅರ್ಧ ಮುದ್ರಣಕ್ಕೇ. ಯುರೋಪಿನ ಸಂಗ್ರಹಾಲಯಕ್ಕೆ ಹೋಗಿಬಂದು ಎರಡು ವಾರ ಉಳಿದಿದ್ದರೆ ಇದರ ಮೂರು ಪಟ್ಟು. ಅನುದಾನ ಕೇಳಿದ ಕಡೆಗಳಲ್ಲಿ, ಇದು ನಮ್ಮ ದೇಶದ ಹಕ್ಕಿಯಲ್ಲ ಎಂದು ಅರ್ಜಿ ಹಿಂದಿರುಗಿಸಿದರು. ಪುಟಕ್ಕಿಷ್ಟು ಎಂದು ಹಣ ಕೇಳುವ ಪತ್ರಿಕೆಗಳನ್ನು ಬಿಟ್ಟು, ಕೇಳದ ಒಂದಕ್ಕೆ ಕಳುಹಿಸಿದೆವು. ಮಾರಿಷಸ್‌ನಲ್ಲಿ ಡೋಡೋದ ಎಲುಬುಗಳನ್ನು 1865ರಲ್ಲಿ ಮಾರ್ ಓ ಸೋಂಜ್ ಎಂಬ ಜೌಗಿನಿಂದ ತೆಗೆಸಿದ ಜಾರ್ಜ್ ಕ್ಲಾರ್ಕ್ ಶಾಲಾ ಮಾಸ್ತರರು. ಒಂದೇ ಹಕ್ಕಿಯ ಪೂರ್ಣ ಡೋಡೋ ಅಸ್ಥಿಪಂಜರವನ್ನು ಕೂಡಿಸಿದ ಎತಿಯೆನ್ ಥಿರಿಯೂ ಪೋರ್ಟ್ ಲೂಯಿಯ ಕ್ಷೌರಿಕರು. ಈ ಕ್ಷೇತ್ರ ನಿಂತಿರುವುದೇ ಇಂಥವರ ಮೇಲೆ. ಹಾಗಾಗಿ ಹುಬ್ಬಳ್ಳಿಯ ಪಾರಿವಾಳ ಸಾಕುವವರಿಗೆ ಪ್ರಬಂಧದ ಕೃತಜ್ಞತೆಯ ಭಾಗದಲ್ಲಿ ಮೊದಲ ಸಾಲು ಕೊಟ್ಟಿದ್ದೇನೆ, ಪ್ರಾಧ್ಯಾಪಕರ ಹೆಸರುಗಳು ಆಮೇಲೆ.

ಎರಡನೆಯ ಕಂತಿನ ಸ್ಕ್ಯಾನ್‌ಗಳು ಬಂದಿವೆ, ಈ ಸಲ ಇನ್ನೂ ಸಣ್ಣ ಪಾರಿವಾಳದವು. ಅದಕ್ಕೆ ಚಿಕ್ಕ ಗಾತ್ರದ ತಳಿಗಳು ನನ್ನಲ್ಲಿ ಕಡಿಮೆ. ಹಾವೇರಿ, ರಾಣೇಬೆನ್ನೂರು, ಗದಗ ಕಡೆ ಸಾಕುವವರ ಪರಿಚಯವಿದ್ದವರು ತಿಳಿಸಿ. ಹುಟ್ಟಿದ ವರ್ಷ ಮತ್ತು ಲಿಂಗ ಗೊತ್ತಿರಬೇಕು, ಹಕ್ಕಿ ತಾನಾಗಿ ಸತ್ತಿರಬೇಕು. ಐಸ್ ಪೆಟ್ಟಿಗೆ ಮತ್ತು ಬಸ್ಸಿನ ಪಾರ್ಸಲ್ ಖರ್ಚು ನನ್ನದು.