ಕುದುರೆಗೆ ನೀರು ಎಲ್ಲಿ ಸಿಕ್ಕಿತು? ಒಂದು ರೆಜಿಮೆಂಟಿನ ಯುದ್ಧ ದಿನಚರಿ ಓದಿದ ಬಗೆ

ಆಸ್ಟ್ರೇಲಿಯಾದ 4ನೇ ಲೈಟ್ ಹಾರ್ಸ್ ರೆಜಿಮೆಂಟ್ ಅಂದರೆ ಇಲ್ಲಿಯವರಿಗೆ ನೆನಪಾಗುವುದು ಒಂದೇ ಸಂಜೆ. ಮೊದಲ ಮಹಾಯುದ್ಧದ ಕಾಲ, 1917ರ ಅಕ್ಟೋಬರ್ 31, ಪ್ಯಾಲೆಸ್ಟೈನಿನ ಬೀರ್‌ಶೆಬಾ ಎಂಬ ಊರು. ಸೂರ್ಯ ಮುಳುಗುವ ಹೊತ್ತಿಗೆ 4ನೇ ಮತ್ತು 12ನೇ ರೆಜಿಮೆಂಟುಗಳ ಸುಮಾರು 800 ಸವಾರರು ಬಯಲಿನಲ್ಲಿ ಕುದುರೆ ಓಡಿಸಿಕೊಂಡು ಹೋಗಿ ತುರ್ಕರ ಕಂದಕಗಳನ್ನು ದಾಟಿ ಊರು ಹಿಡಿದರು. ಅದಕ್ಕೆ ಸ್ಮಾರಕಗಳಿವೆ, ಚಿತ್ರಗಳಿವೆ, ಅಂಚೆಚೀಟಿಗಳಿವೆ. ಆದರೆ ರೆಜಿಮೆಂಟ್ ಹುಟ್ಟಿದ್ದು 1914ರ ಆಗಸ್ಟ್‌ನಲ್ಲಿ, ಮನೆಗೆ ಮರಳಿದ್ದು 1919ರಲ್ಲಿ. ಆ ಒಂದು ಸಂಜೆ ಬಿಟ್ಟು ಉಳಿದ ದಿನಗಳಲ್ಲಿ ಇವರು ಮಾಡಿದ್ದೇನು? ನನ್ನ ಪಾಲಿಗೆ ಬಂದ ಕೆಲಸ ಅದು.

ನಾನು ಇತಿಹಾಸಕಾರನಲ್ಲ, ಪಶುವೈದ್ಯ. ನಮ್ಮ ಪಶುಸಂಗೋಪನಾ ಇಲಾಖೆಯಿಂದ ನಿವೃತ್ತನಾಗಿ ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಬಂದವನು. ಇಲ್ಲಿಯ ಬಡಾವಣೆಯ ಇತಿಹಾಸ ಸಂಘದವರು ತಮ್ಮ ಊರಿನಿಂದ ಈ ರೆಜಿಮೆಂಟಿಗೆ ಸೇರಿದ್ದ ಹುಡುಗರ ಸೇವೆಯ ವಿವರ ಒಟ್ಟುಮಾಡುತ್ತಿದ್ದರು. ಹಳೆಯ ಕೈಬರಹ ಓದುವ ತಾಳ್ಮೆ ಇದ್ದವರು ಬೇಕಿತ್ತು. ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರುಗಳಲ್ಲಿ ಜೀವಮಾನ ಕಳೆದವನಿಗೆ ಅದೇನು ಕಷ್ಟ!

ಶುರು ಮಾಡಬೇಕಾದ್ದು ಯುದ್ಧ ದಿನಚರಿಯಿಂದ. ಪ್ರತಿ ರೆಜಿಮೆಂಟೂ ಯುದ್ಧಭೂಮಿಯಲ್ಲಿದ್ದಷ್ಟು ಕಾಲ ದಿನದಿನದ ದಾಖಲೆ ಬರೆದಿಡಬೇಕಿತ್ತು. ಸ್ಥಳ, ತಾರೀಖು, ಗಂಟೆ, ನಡೆದದ್ದು, ಷರಾ ಎಂದು ಅಂಕಣಗಳಿರುವ ಅಚ್ಚಾದ ಹಾಳೆ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್ ಇವನ್ನೆಲ್ಲ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿಟ್ಟಿದೆ. ಒಬ್ಬೊಬ್ಬ ಸೈನಿಕನ ಕಡತ ಅಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಅದೂ ಮನೆಯಲ್ಲೇ ಕೂತು ಓದಲು ಸಿಗುತ್ತದೆ. ಹಳೆಯ ಪತ್ರಿಕೆಗಳಿಗೆ ಟ್ರೋವ್ ಎಂಬ ಜಾಲತಾಣ ಇದೆ. ಇಷ್ಟು ಸಲೀಸು ನಮ್ಮ ದೇಶದಲ್ಲಿ ಕನಸು. ಆ ಮಾತಿಗೆ ಆಮೇಲೆ ಬರುತ್ತೇನೆ.

ದಿನಚರಿ ಓದತೊಡಗಿದವರಿಗೆ ಮೊದಲು ಬರುವುದು ಬೇಸರ. ಅಲ್ಲಿಂದ ಇಲ್ಲಿಗೆ ಬಂದೆವು, ಗಸ್ತು ಹೋಗಿ ಬಂತು, ಇಷ್ಟು ಜನ ಆಸ್ಪತ್ರೆಗೆ ಹೋದರು, ಇಷ್ಟು ಜನ ಹೊಸಬರು ಬಂದರು. ಹಾಗೆಯೇ ಓದಿಕೊಂಡು ಹೋದರೆ ತಲೆಯಲ್ಲಿ ಏನೂ ನಿಲ್ಲದು. ಎಕ್ಸೆಲ್ ಹಾಳೆ ತೆರೆದು ತಾರೀಖು, ಜಾಗ, ನಕಾಶೆಯ ಉಲ್ಲೇಖ, ನಡೆದ ದೂರ, ಜನರ ನಷ್ಟ, ಕುದುರೆಗಳ ನಷ್ಟ ಎಂದು ಅಂಕಣ ಹಾಕಿಕೊಂಡೆ. ವೃತ್ತಿಯ ಚಾಳಿಯಿಂದ ಇನ್ನೊಂದು ಸೇರಿಸಿದೆ: ನೀರು. ಆಮೇಲೆ ಇಡೀ ಯುದ್ಧ ನನಗೆ ಅರ್ಥವಾದದ್ದು ಆ ಒಂದು ಅಂಕಣದಿಂದ.

ಲೆಕ್ಕ ಹೀಗಿದೆ. ಕೆಲಸ ಮಾಡುವ ಕುದುರೆಗೆ ಬಿಸಿಲಿನಲ್ಲಿ ದಿನಕ್ಕೆ 35–40 ಲೀಟರ್ ನೀರು ಬೇಕು. ರೆಜಿಮೆಂಟಿನಲ್ಲಿ ಸುಮಾರು 500 ಸವಾರಿ ಕುದುರೆ ಅಂತಿಟ್ಟುಕೊಳ್ಳಿ, ಆಗಲೇ 20,000 ಲೀಟರ್ ಆಯಿತು. ಅಂಥ ಮೂರು ರೆಜಿಮೆಂಟ್ ಸೇರಿದರೆ ಒಂದು ಬ್ರಿಗೇಡ್. ಪ್ರತಿ ಕುದುರೆಯ ಬೆನ್ನ ಮೇಲೆ ಸವಾರ, ಜೀನು, ರೈಫಲ್, ಗುಂಡು, ಮೇವು, ಕಂಬಳಿ ಎಲ್ಲ ಸೇರಿ 130 ಕೆಜಿ ಹತ್ತಿರ ಭಾರ. ಇಷ್ಟು ಪ್ರಾಣಿಗಳನ್ನು ಮರಳುಗಾಡಿನಲ್ಲಿ ಎಷ್ಟು ದೂರ ಒಯ್ಯಬಹುದು ಎಂಬುದನ್ನು ಬಾವಿ ತೀರ್ಮಾನಿಸುತ್ತದೆ, ಜನರಲ್ ಅಲ್ಲ.

ಬೀರ್‌ಶೆಬಾವನ್ನೂ ಹೀಗೇ ನೋಡಬೇಕು. ದಾಳಿಗೆ ಮುಂಚಿನ ವಾರದಲ್ಲಿ ನಿಜವಾದ ಕೆಲಸ ನಡೆದದ್ದು ಖಲಾಸಾ, ಅಸ್ಲೂಜ್ ಎಂಬ ಜಾಗಗಳಲ್ಲಿ. ಹಾಳಾಗಿದ್ದ ಬಾವಿಗಳನ್ನು ಇಂಜಿನಿಯರುಗಳು ಗುಟ್ಟಾಗಿ ದುರಸ್ತಿ ಮಾಡಿದರು. ಅದಾದ ಮೇಲೆಯೇ ಕುದುರೆಪಡೆ ರಾತ್ರಿಯಿಡೀ ನಡೆದು ಊರಿನ ಪೂರ್ವಕ್ಕೆ ಬರಲು ಸಾಧ್ಯವಾದದ್ದು. ಹಗಲೆಲ್ಲ ಕಾಳಗ ಎಳೆಯಿತು. ಟೆಲ್ ಎಲ್ ಸಬಾ ಎಂಬ ದಿಬ್ಬವನ್ನು ನ್ಯೂಜಿಲೆಂಡಿನವರು ಹಿಡಿಯುವಷ್ಟರಲ್ಲಿ ಮಧ್ಯಾಹ್ನ ಮೂರು. ಕತ್ತಲಾಗಲು ಎರಡೇ ಗಂಟೆ ಉಳಿದಿತ್ತು. ಬಾವಿಗಳು ಊರೊಳಗೆ, ತುರ್ಕರ ಕೈಯಲ್ಲಿ. ಹಿಂದಕ್ಕೆ ಹೋಗೋಣವೆಂದರೆ ಅಷ್ಟೇ ದೂರ ಮತ್ತೆ ನಡೆಯಬೇಕು. ಕೆಲವು ಕುದುರೆಗಳು ನೀರು ಕಂಡು ಎರಡು ದಿನವಾಗುತ್ತ ಬಂದಿತ್ತು. ಆಗ ದಂಡಿನ ಮುಖ್ಯಸ್ಥ ಹ್ಯಾರಿ ಶೋವೆಲ್ ಬ್ರಿಗೇಡಿಯರ್ ವಿಲಿಯಂ ಗ್ರಾಂಟ್‌ಗೆ ನೇರವಾಗಿ ನುಗ್ಗಲು ಹೇಳಿದರು.

ಇಲ್ಲೊಂದು ವಿಷಯ ತಿಳಿದಿರಬೇಕು. ಲೈಟ್ ಹಾರ್ಸ್‌ನವರು ಕತ್ತಿ ಹಿಡಿದ ಅಶ್ವದಳವಲ್ಲ. ಕುದುರೆ ಏರಿ ಹೋಗಿ, ಇಳಿದು, ರೈಫಲ್ ಹಿಡಿದು ಹೋರಾಡುವ ಪಡೆ. ನಾಲ್ವರ ಒಂದು ಗುಂಪು; ಇಳಿದಾಗ ಒಬ್ಬ ನಾಲ್ಕೂ ಕುದುರೆಗಳ ಲಗಾಮು ಹಿಡಿದು ಹಿಂದೆ ನಿಲ್ಲಬೇಕು. ಅಂದರೆ ಯಾವ ಕಾಳಗದಲ್ಲೂ ಕಾಲುಭಾಗ ಬಂದೂಕು ಲೆಕ್ಕಕ್ಕಿಲ್ಲ. ಅಂಥವರು ಅವತ್ತು ರೈಫಲನ್ನು ಬೆನ್ನಿಗೆ ಹಾಕಿಕೊಂಡು, ಬಯೊನೆಟನ್ನೇ ಕತ್ತಿಯಂತೆ ಕೈಯಲ್ಲಿ ಹಿಡಿದು, 4ನೇ ರೆಜಿಮೆಂಟಿನ ಮುಖ್ಯಸ್ಥ ಮರ್ರೆ ಬೌರ್ಶಿಯರ್ ಮುಂದಾಳ್ತನದಲ್ಲಿ ನುಗ್ಗಿದರು. ಕುದುರೆಪಡೆ ಎಂದಿನಂತೆ ಇಳಿಯುತ್ತದೆಂದು ಕಾದಿದ್ದ ತುರ್ಕರಿಗೆ ರೈಫಲಿನ ಗುರಿಯ ದೂರ ಬದಲಿಸುವಷ್ಟು ವ್ಯವಧಾನ ಸಿಗಲಿಲ್ಲ, ಗುಂಡುಗಳು ತಲೆಯ ಮೇಲಿಂದ ಹಾದವು. ಸತ್ತವರು 31 ಜನ, ಗಾಯಗೊಂಡವರು 36. ಕನಿಷ್ಠ 70 ಕುದುರೆಗಳು ಸತ್ತವು. 700ಕ್ಕೂ ಹೆಚ್ಚು ಜನ ಸೆರೆಸಿಕ್ಕರು. ಮುಖ್ಯವಾಗಿ, ಬಹುಪಾಲು ಬಾವಿಗಳು ತುರ್ಕರು ಸಿಡಿಸುವ ಮುಂಚೆಯೇ ಕೈಗೆ ಬಂದವು. ಕುದುರೆಗಳಿಗೆ ನೀರಿನ ವಾಸನೆ ಬಂದಿತ್ತು, ಅದಕ್ಕೇ ಹಾಗೆ ಓಡಿದವು ಅಂತ ಇಲ್ಲಿ ಒಂದು ಕಥೆ ಇದೆ. ಪಶುವೈದ್ಯನಾಗಿ ನಾನು ಅದನ್ನು ನಂಬುವುದಿಲ್ಲ. ಸುತ್ತ ನೂರಾರು ಕುದುರೆ ಓಡುವಾಗ ಕುದುರೆ ಓಡುತ್ತದೆ, ಅಷ್ಟೇ.

"ಅಪ್ಪಾ, ಯುದ್ಧದ ಬಗ್ಗೆ ಬರೀತೀನಿ ಅಂತ ಹೇಳಿ ಬರೀ ನೀರಿನ ಲೆಕ್ಕ ಬರೀತಿದ್ದೀರಲ್ಲ" ಅಂದಳು ಮಗಳು. "ಅವರೂ ಅದನ್ನೇ ಮಾಡಿದ್ದಮ್ಮ" ಅಂದೆ.

ಹಿಂದಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೆಲ್ಬರ್ನ್ ಹತ್ತಿರದ ಬ್ರಾಡ್‌ಮೆಡೋಸ್‌ನಲ್ಲಿ ರೆಜಿಮೆಂಟ್ ಕಟ್ಟಿದರು. 1914ರ ಅಕ್ಟೋಬರ್‌ನಲ್ಲಿ ಹಡಗು ಹತ್ತಿತು. ಸೆಪ್ಟೆಂಬರ್‌ನಲ್ಲಿ ಮದ್ರಾಸಿನ ಮೇಲೆ ಗುಂಡು ಹಾರಿಸಿದ್ದ ಎಂಡೆನ್ ಎಂಬ ಜರ್ಮನ್ ಹಡಗನ್ನು ಮುಳುಗಡೆಯಂಚಿಗೆ ತಂದದ್ದು ಈ ಹಡಗುಸಾಲಿನ ಕಾವಲಿಗಿದ್ದ ಸಿಡ್ನಿ ಎಂಬ ಯುದ್ಧನೌಕೆ. ಈಜಿಪ್ಟಿನಲ್ಲಿ ಇಳಿದ ಕೂಡಲೇ ಕುದುರೆ ಏರುವಂತಿರಲಿಲ್ಲ; ವಾರಗಟ್ಟಲೆ ಹಡಗಿನಲ್ಲಿ ನಿಂತೇ ಬಂದ ಪ್ರಾಣಿಗಳನ್ನು ಮೊದಲು ಕೈಯಲ್ಲಿ ಹಿಡಿದು ನಡೆಸಿ ಕಾಲು ಪಳಗಿಸಬೇಕು. 1915ರ ಮೇನಲ್ಲಿ ಕುದುರೆಗಳನ್ನು ಅಲ್ಲೇ ಬಿಟ್ಟು ಇವರು ತುರ್ಕಿಯ ಗಲಿಪೊಲಿಗೆ ಕಾಲಾಳುಗಳಾಗಿ ಹೋದರು. ಮರುವರ್ಷ ರೆಜಿಮೆಂಟಿನ ಎರಡು ಸ್ಕ್ವಾಡ್ರನ್, ಅಂದರೆ ತುಕಡಿಗಳು, ಫ್ರಾನ್ಸಿಗೆ ಹೋದವು. ಉಳಿದವರಿಗೆ ಹೊಸಬರನ್ನು ಸೇರಿಸಿ ರೆಜಿಮೆಂಟನ್ನು ಮತ್ತೆ ಕಟ್ಟಬೇಕಾಯಿತು. ಒಬ್ಬನ ಕಡತದಲ್ಲಿ ಫ್ರಾನ್ಸ್ ಅಂತಿದ್ದು, ಇನ್ನೊಬ್ಬನದರಲ್ಲಿ ಪ್ಯಾಲೆಸ್ಟೈನ್ ಅಂತಿದ್ದು, ಇಬ್ಬರೂ ಒಂದೇ ದಿನ ಒಂದೇ ರೆಜಿಮೆಂಟ್ ಸೇರಿದವರಾಗಿದ್ದರೆ ಗಾಬರಿಯಾಗಬೇಡಿ, ಕಾರಣ ಇದು.

ಈ ಹೊಸಬರೆಲ್ಲ ತಾವಾಗಿಯೇ ಬಂದವರು. ಕಡ್ಡಾಯ ಸೇವೆ ತರಲು ಆಸ್ಟ್ರೇಲಿಯಾ ಸರ್ಕಾರ 1916ರಲ್ಲೊಮ್ಮೆ, 1917ರಲ್ಲೊಮ್ಮೆ ಜನಮತ ಕೇಳಿತು. ಎರಡು ಸಲವೂ ಜನ ಬೇಡವೆಂದರು.

ಸೈನಿಕರ ಕಡತ ಓದುವಾಗ ಗೋಳು ಕೊಡುವುದು ಸಂಕ್ಷೇಪಾಕ್ಷರ. ಟಿಓಎಸ್ ಅಂದರೆ ದಂಡಿನ ಲೆಕ್ಕಕ್ಕೆ ಸೇರಿದ, ಡಬ್ಲ್ಯುಐಎ ಅಂದರೆ ಗಾಯಗೊಂಡ, ಎನ್‌ವೈಡಿ ಅಂದರೆ ಕಾಯಿಲೆ ಏನೆಂದು ಇನ್ನೂ ಗೊತ್ತಾಗಿಲ್ಲ, ಪಿಯುಓ ಅಂದರೆ ಕಾರಣ ತಿಳಿಯದ ಜ್ವರ. ಕೊನೆಯ ಎರಡನ್ನು 1918ರ ಕಡತಗಳಲ್ಲಿ ಕಂಡರೆ ನಾನು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಮಲೇರಿಯಾ ಎಂದು ಗುರುತು ಹಾಕಿಕೊಳ್ಳುತ್ತೇನೆ. ಮುಂದಿನ ಸಾಲುಗಳಲ್ಲಿ ಅದು ಹೆಚ್ಚಾಗಿ ನಿಜವಾಗುತ್ತದೆ.

ಆ ಬೇಸಿಗೆಯನ್ನು ಕುದುರೆಪಡೆ ಕಳೆದದ್ದು ಜೋರ್ಡಾನ್ ಕಣಿವೆಯಲ್ಲಿ. ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಕೆಳಗಿನ ತಗ್ಗು, ಕುದಿಯುವ ಸೆಕೆ, ಹಿಟ್ಟಿನಂಥ ಧೂಳು, ಸೊಳ್ಳೆ. ತಾವಿದ್ದ ಕಡೆ ಜೌಗು ಬತ್ತಿಸಿ, ಕಾಲುವೆ ಚೊಕ್ಕಟ ಮಾಡಿ ಕಾಯಿಲೆಯನ್ನು ಹದ್ದುಬಸ್ತಿನಲ್ಲಿಟ್ಟಿದ್ದರು. ಸೆಪ್ಟೆಂಬರ್‌ನಲ್ಲಿ ದಂಡು ಉತ್ತರಕ್ಕೆ ಧಾವಿಸಿದಾಗ ಆ ರಕ್ಷಣೆ ಹಿಂದೆ ಉಳಿಯಿತು. ಅಕ್ಟೋಬರ್ 1ರಂದು ಡಮಾಸ್ಕಸ್ ಕೈಗೆ ಬಂತು. ಅಲ್ಲಿ ಬೌರ್ಶಿಯರ್ ಕೈಕೆಳಗಿನ ಸಣ್ಣ ಪಡೆ ಸಾವಿರಾರು ತುರ್ಕರನ್ನು ಸೆರೆಹಿಡಿಯಿತು. ಮರುವಾರದಿಂದಲೇ ಜನ ಜ್ವರದಲ್ಲಿ ಉರುಳತೊಡಗಿದರು, ಇನ್‌ಫ್ಲುಯೆಂಜಾ ಬೇರೆ ಸೇರಿತು. ಆ ಮುನ್ನಡೆಯಲ್ಲಿ ಗುಂಡಿಗೆ ಸತ್ತವರಿಗಿಂತ ಹಾಸಿಗೆಯಲ್ಲಿ ಸತ್ತವರೇ ಹೆಚ್ಚು. ಸೊಳ್ಳೆ ಕಚ್ಚಿ ಮಾರಕ ಬಗೆಯ ಮಲೇರಿಯಾ ಕಾಣಿಸಿಕೊಳ್ಳಲು ಹತ್ತು-ಹದಿನಾಲ್ಕು ದಿನ ಬೇಕು. ಆಸ್ಪತ್ರೆಗೆ ಸೇರಿದ ತಾರೀಖಿನಿಂದ ಅಷ್ಟು ದಿನ ಹಿಂದಕ್ಕೆ ಎಣಿಸಿ, ದಿನಚರಿಯಲ್ಲಿ ಅವತ್ತಿನ ರಾತ್ರಿ ಠಾಣ್ಯ ಎಲ್ಲಿತ್ತೆಂದು ನೋಡಿದರೆ ಸೋಂಕು ತಗುಲಿದ ಜಾಗದ ಸುಳಿವು ಸಿಗುತ್ತದೆ. ಇದು ಪುರಾವೆಯಲ್ಲ, ಊಹೆ. ಆದರೆ ಒಬ್ಬೊಬ್ಬನಾಗಿ ಓದಿದಾಗ ಕಾಣದ ಚಿತ್ರ ಹತ್ತಾರು ಕಡತ ಒಟ್ಟಿಗಿಟ್ಟಾಗ ಎದ್ದು ಬರುತ್ತದೆ.

ಕುದುರೆಗಳ ಕೊನೆಯ ಬಗ್ಗೆ ಬರೆಯದೆ ನನ್ನ ಕೈ ನಿಲ್ಲದು. ಈ ದೇಶದಿಂದ ಯುದ್ಧಕ್ಕೆ ಹೋದ ಕುದುರೆಗಳು 1,30,000ಕ್ಕೂ ಹೆಚ್ಚು. ಮರಳಿ ಬಂದದ್ದು ಒಂದೇ ಒಂದು, ಜನರಲ್ ಬ್ರಿಜಸ್ ಅವರ ಸ್ಯಾಂಡಿ. ಸಾಗಣೆಯ ಖರ್ಚು, ರೋಗ ಒಳಬರುವ ಭಯ ಎರಡೂ ಇದ್ದವು. ನನ್ನಂಥದೇ ಕೆಲಸದವರು ಹಲ್ಲು ನೋಡಿ, ಕಾಲು ನೋಡಿ ವಿಂಗಡಿಸಿದರು. ವಯಸ್ಸಾದವನ್ನೂ ಕುಂಟುವುದನ್ನೂ ಗುಂಡಿಟ್ಟು ಕೊಂದರು. ಅದಕ್ಕೆ ಮುಂಚೆ ಲಾಳ ಕಿತ್ತು, ಬಾಲ ಮತ್ತು ಕೇಸರದ ಕೂದಲು ಕತ್ತರಿಸಿಕೊಂಡರು, ಅವಕ್ಕೆ ಬೆಲೆ ಇತ್ತಲ್ಲ. ಗಟ್ಟಿಮುಟ್ಟಾದವುಗಳಲ್ಲಿ ಎಷ್ಟೋ ಭಾರತೀಯ ದಂಡುಗಳ ಪಾಲಾದವು. ಸವಾರರೆಲ್ಲ ತಮ್ಮ ತಮ್ಮ ಕುದುರೆಯನ್ನು ತಾವೇ ಕಣ್ಣೀರಿಟ್ಟು ಕೊಂದರೆಂಬ ಮಾತು ಕೇಳಲು ಚೆನ್ನ. ಕಾಗದಗಳಲ್ಲಿ ಕಾಣುವುದು ಪಟ್ಟಿ, ದರ್ಜೆ, ರುಜು.

ಈಗ ನಮ್ಮ ಊರಿನ ಮಾತು. ಇದೇ ಶೋವೆಲ್ ಅವರ ಡೆಸರ್ಟ್ ಮೌಂಟೆಡ್ ಕೋರ್ ಎಂಬ ದೊಡ್ಡ ಕುದುರೆದಂಡಿನಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಹಿಡಿದವರು, ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಮತ್ತೆ ನುಗ್ಗಿದವರು. ಅವರೂ ಅದೇ ಬಿಸಿಲು, ಅದೇ ಸೊಳ್ಳೆ ಕಂಡವರೇ. ಒಂದು ವ್ಯತ್ಯಾಸ: ಅವರು ಮಹಾರಾಜರ ಸಂಬಳದ ದಂಡು, ಕೈಯಲ್ಲಿ ಭರ್ಜಿ. ಅವರ ಬಗೆಗೂ ಇಂಥದೇ ಹಾಳೆ ಶುರುಮಾಡಿದ್ದೇನೆ. ಬ್ರಿಗೇಡಿನ ದಿನಚರಿ ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿದೆ. ಸಂಸ್ಥಾನದ ಕಾಗದಗಳನ್ನು ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು. ಆದರೆ ಒಬ್ಬೊಬ್ಬ ಸವಾರನ ಕಡತ ಇಲ್ಲಿಯ ಹಾಗೆ ಬೆರಳ ತುದಿಯಲ್ಲಿ ಸಿಗದು. ಆ ಅಂಕಣ ತುಂಬಬೇಕಾದರೆ ಮನೆಗಳಲ್ಲಿ ಉಳಿದಿರುವ ಕಾಗದಗಳೇ ಗತಿ. ಮುತ್ತಾತ ಲ್ಯಾನ್ಸರ್ಸ್‌ನಲ್ಲಿದ್ದರು ಅನ್ನುವವರು ಪಿಂಚಣಿ ಕಾಗದ, ಬಿಡುಗಡೆ ಚೀಟಿ, ಪದಕದ ಅಂಚಿನ ಬರಹ ಏನಿದ್ದರೂ ಫೋಟೊ ತೆಗೆದಿಡಿ. ಹಾಳೆಯ ಹಿಂಬದಿಯನ್ನೂ ತೆಗೆಯಿರಿ. ತಾರೀಖಿನ ಮೊಹರು ಹೆಚ್ಚಾಗಿ ಅಲ್ಲಿರುತ್ತದೆ.