ಬಾತ್ ಊರಿನ ಹೊರಗೆ ಟೆಂಟ್, ಅಪ್ಪ ಅಮ್ಮನಿಗೆ ಕ್ಯಾಬಿನ್

ಇಂಗ್ಲೆಂಡಿನ ಬಾತ್‌ನಲ್ಲಿ ಶನಿವಾರ ರಾತ್ರಿಯ ಹೋಟೆಲ್ ರೇಟು ನೋಡಿ ಸದ್ದಿಲ್ಲದೆ ಲ್ಯಾಪ್‌ಟಾಪ್ ಮುಚ್ಚಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವೂ ಮುಚ್ಚಿದವರೇ. ಆಮೇಲೆ ಊರಾಚೆ ಹೊಲದಲ್ಲಿ ಟೆಂಟ್ ಹಾಕಿಕೊಂಡು ಮೂರು ಸಲ ಹೋಗಿ ಬಂದೆವು. ಮೂರನೆಯ ಸಲ ಶಿವಮೊಗ್ಗದಿಂದ ಬಂದಿದ್ದ ಅಪ್ಪ ಅಮ್ಮನೂ ಜೊತೆಗಿದ್ದರು. ಅಮ್ಮನಿಗೆ ಬಾತ್ ಅಂದರೆ ವಾಂಗಿಬಾತ್. "ಊರಿಗೆ ಯಾರಾದ್ರೂ ಬಾತ್ ಅಂತ ಹೆಸರಿಡ್ತಾರೇನೋ" ಅಂತ ದಾರಿಯುದ್ದಕ್ಕೂ ನಗುತ್ತಿದ್ದಳು.

ಹೆಸರು ಬಂದದ್ದು ಬಿಸಿನೀರಿನಿಂದ. ನೆಲದೊಳಗಿನಿಂದ ದಿನಕ್ಕೆ ಸುಮಾರು 11 ಲಕ್ಷ 70 ಸಾವಿರ ಲೀಟರ್ ನೀರು ಉಕ್ಕುತ್ತದೆ. ಬಿಸಿ ಸುಮಾರು 46 ಡಿಗ್ರಿ, ಅಂದರೆ ನಮ್ಮ ಹಂಡೆ ನೀರಿನ ಹದ. ರೋಮನ್ನರು ಸುಮಾರು 2000 ವರ್ಷದ ಹಿಂದೆ ಇಲ್ಲಿ ಗುಡಿ ಕಟ್ಟಿ, ಸ್ನಾನದ ಕೊಳ ಕಟ್ಟಿ, ಊರಿಗೆ ಆಕ್ವೇ ಸುಲಿಸ್ ಅಂತ ಹೆಸರಿಟ್ಟರು. ಈಗ ಕಾಣುವ ಜೇನುಬಣ್ಣದ ಕಲ್ಲಿನ ಸಾಲುಮನೆಗಳೆಲ್ಲ ಹೆಚ್ಚಾಗಿ 18ನೇ ಶತಮಾನದವು. ಯುನೆಸ್ಕೊ 1987ರಲ್ಲಿ ಒಮ್ಮೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, 2021ರಲ್ಲಿ ಯೂರೋಪಿನ 11 ದೊಡ್ಡ ಸ್ಪಾ ಊರುಗಳಲ್ಲಿ ಒಂದು ಅಂತ ಇನ್ನೊಮ್ಮೆ ಸೇರಿಸಿತು. ರೇಟು ಯಾಕೆ ಹಾಗಿದೆ ಅಂತ ಗೊತ್ತಾಯಿತಲ್ವಾ.

ಮೊದಲು ಜಾಗ ಹುಡುಕುವ ವಿಚಾರ. ಎಲ್ಲರೂ ಮಾಡುವ ತಪ್ಪು ಅಂದರೆ ಮ್ಯಾಪ್ ತೆಗೆದು ಊರಿನ ನಡುವಿಗೆ ಎಷ್ಟು ಮೈಲಿ ಅಂತ ನೋಡುವುದು. ಬಾತ್ ಒಂದು ಬಟ್ಟಲಿನ ತಳದಲ್ಲಿದೆ, ಸುತ್ತಲೂ ಗುಡ್ಡ. ಮ್ಯಾಪಿನಲ್ಲಿ 3 ಮೈಲಿ ಅಂತ ಕಂಡದ್ದು ವಾಪಸ್ ಬರುವಾಗ ಏದುಸಿರು ಬಿಡಿಸುವ ಏರು ಆಗಿರುತ್ತದೆ. ಆದ್ದರಿಂದ ಊರಿಗೆ ಹತ್ತಿರ ಅಂತ ಹುಡುಕಬೇಡಿ, ರೈಲಿಗೋ ಬಸ್ಸಿಗೋ ಹತ್ತಿರ ಅಂತ ಹುಡುಕಿ. ನನಗೆ ಇಷ್ಟವಾದದ್ದು ಪೂರ್ವದ ಕಡೆ, ಬ್ರಾಡ್‌ಫರ್ಡ್ ಆನ್ ಏವನ್ ಹೋಗುವ ಕಣಿವೆ. ಅಲ್ಲಿ ನದಿ, ಕೆನೆಟ್ ಆಂಡ್ ಏವನ್ ಕಾಲುವೆ, ರೈಲು ಹಳಿ, ಮೂರೂ ಒಂದಕ್ಕೊಂದು ಅಂಟಿಕೊಂಡು ಹೋಗುತ್ತವೆ. ಫ್ರೆಷ್‌ಫರ್ಡ್, ಏವನ್‌ಕ್ಲಿಫ್ ಅಂತ ಪುಟ್ಟ ಸ್ಟೇಷನ್‌ಗಳಿವೆ. ಏವನ್‌ಕ್ಲಿಫ್‌ನಲ್ಲಂತೂ ರೈಲು ತಾನಾಗಿ ನಿಲ್ಲುವುದಿಲ್ಲ, ಪ್ಲಾಟ್‌ಫಾರಂ ಮೇಲೆ ನಿಂತು ಡ್ರೈವರ್‌ಗೆ ಕಾಣುವಂತೆ ಕೈ ತೋರಿಸಬೇಕು. ನಮ್ಮೂರ ಬಸ್ಸಿಗೆ ಕೈ ಅಡ್ಡ ಹಾಕಿದ ಹಾಗೆ. ಅಪ್ಪನಿಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ಖುಷಿ ಕೊಟ್ಟದ್ದು ಇನ್ನೊಂದಿಲ್ಲ.

ಕಾರಿನಲ್ಲಿ ಬಂದರೂ ಊರೊಳಗೆ ತಗೊಂಡು ಹೋಗಬೇಡಿ. ಪಾರ್ಕಿಂಗ್ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಲ್ಯಾನ್ಸ್‌ಡೌನ್, ನ್ಯೂಬ್ರಿಜ್, ಆಡ್ ಡೌನ್ ಅಂತ ಮೂರು ಕಡೆ ಪಾರ್ಕ್ ಆಂಡ್ ರೈಡ್ ಇದೆ, ಅಲ್ಲಿ ಬಿಟ್ಟು ಬಸ್ ಹತ್ತಿ. ಬಾಡಿಗೆಗೆ ವ್ಯಾನೋ ಮಿನಿಬಸ್ಸೋ ತಗೊಂಡಿದ್ದರೆ ಇನ್ನೊಂದು ವಿಷಯ: 2021ರಿಂದ ಊರಿನ ನಡುವೆ ಕ್ಲೀನ್ ಏರ್ ಝೋನ್ ಇದೆ, ಅಂದರೆ ಹೊಗೆ ಜಾಸ್ತಿ ಬಿಡುವ ಗಾಡಿಗಳಿಗೆ ಶುಲ್ಕ ಹಾಕುವ ಪ್ರದೇಶ. ಸ್ವಂತ ಕಾರಿಗೆ ಶುಲ್ಕವಿಲ್ಲ, ಹಳೆಯ ವ್ಯಾನ್, ಮಿನಿಬಸ್‌ಗಳಿಗೆ ಇದೆ. ಹೊರಡುವ ಮೊದಲೇ ಸರ್ಕಾರದ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಿಬಿಡಿ.

ಖಾಲಿ ಹೊಲ ಕಂಡಿತು, ಕಾಲುವೆ ದಂಡೆ ಚೆನ್ನಾಗಿದೆ ಅಂತ ಸುಮ್ನೆ ಟೆಂಟ್ ಹೊಡೆಯುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಜಮೀನಿನವರ ಒಪ್ಪಿಗೆ ಬೇಕೇ ಬೇಕು. ಡೆವನ್ ಕಡೆಯ ಡಾರ್ಟ್‌ಮೂರ್ ಅನ್ನುವ ಗುಡ್ಡಗಾಡಿನ ಕೆಲವು ಭಾಗಕ್ಕೆ ವಿನಾಯಿತಿ ಇದೆ ನಿಜ, ಅದು ಇಲ್ಲಿಂದ ಬಲು ದೂರ.

ಬುಕ್ ಮಾಡುವಾಗ ಅವರ ಭಾಷೆ ಸ್ವಲ್ಪ ಗೊತ್ತಿರಲಿ. ಪಿಚ್ ಅಂದರೆ ನಿಮ್ಮ ಪಾಲಿನ ಜಾಗ. ಹಾರ್ಡ್ ಸ್ಟ್ಯಾಂಡಿಂಗ್ ಅಂತಿದ್ದರೆ ಜಲ್ಲಿ ಹಾಕಿದ ನೆಲ, ಕ್ಯಾರವಾನ್‌ಗೆ ಒಳ್ಳೆಯದು, ಟೆಂಟಿನ ಗೂಟ ಒಳಗೆ ಇಳಿಯುವುದಿಲ್ಲ. ಪಾಡ್ ಅಂದರೆ ಮರದ ಪುಟ್ಟ ಗೂಡು, ಬಹಳ ಕಡೆ ಬರೀ ಹಾಸಿಗೆ ಇರುತ್ತದೆ, ಹೊದಿಕೆ ದಿಂಬು ನಾವೇ ಒಯ್ಯಬೇಕು, ಟಾಯ್ಲೆಟ್ ಹೊಲದ ಆ ತುದಿಯಲ್ಲಿ. ಶೆಫರ್ಡ್ಸ್ ಹಟ್ ಅಂದರೆ ಹಿಂದೆ ಕುರಿ ಕಾಯುವವರು ಚಕ್ರದ ಮೇಲೆ ಎಳೆದುಕೊಂಡು ಹೋಗುತ್ತಿದ್ದ ಗುಡಿಸಲು, ಈಗ ಅದರೊಳಗೆ ಸೌದೆ ಒಲೆ, ಬಿಳಿ ಪರದೆ, ಗಂಡ ಹೆಂಡತಿ ಇಬ್ಬರಿಗೆ ಸರಿ. ಆಫ್ ಗ್ರಿಡ್ ಅಂತ ಚೆಂದದ ಫೋಟೊ ಹಾಕಿದ್ದರೆ ಕರೆಂಟಿಲ್ಲ, ಟಾಯ್ಲೆಟ್ಟಿಗೆ ನೀರಿನ ಬದಲು ಮರದ ಹೊಟ್ಟು ಅಂತ ಓದಿಕೊಳ್ಳಿ. ಕೆಲವು ಕಡೆ ಮಕ್ಕಳಿಗೆ ಪ್ರವೇಶವೇ ಇಲ್ಲ, ಅದನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ.

ಅಪ್ಪ ಅಮ್ಮ ಜೊತೆಗಿದ್ದರೆ ನನ್ನ ಲೆಕ್ಕ ಇಷ್ಟೇ: ಅವರಿಗೆ ಒಳಗೇ ಟಾಯ್ಲೆಟ್ ಇರುವ ಕ್ಯಾಬಿನ್, ನಮಗೆ ಮತ್ತು ಮಕ್ಕಳಿಗೆ ಅದೇ ಜಾಗದಲ್ಲಿ ಟೆಂಟ್. ಎಲ್ಲರಿಗೂ ಕ್ಯಾಬಿನ್ ಅಂದರೆ ಹೋಟೆಲ್ ರೇಟಿಗೇ ಬಂದು ನಿಲ್ಲುತ್ತದೆ. ಎಲ್ಲರಿಗೂ ಟೆಂಟ್ ಅಂದರೆ ಅರವತ್ತೈದು ದಾಟಿದ ಮೊಣಕಾಲು ರಾತ್ರಿ ಎರಡು ಗಂಟೆಗೆ ಒದ್ದೆ ಹುಲ್ಲಿನ ಮೇಲೆ ಟಾರ್ಚ್ ಹಿಡಿದು ನಡೆಯಬೇಕು. ನಾವು ಎರಡೂ ಇರುವ ಜಾಗ ಹುಡುಕಿದೆವು. ಕ್ಯಾಬಿನ್ನಿನ ಅಡುಗೆಮನೆ ಎಲ್ಲರಿಗೂ ಆಯಿತು. ಮೇ ತಿಂಗಳ ಎರಡು ಬ್ಯಾಂಕ್ ಹಾಲಿಡೇ (ಸೋಮವಾರದ ಸಾರ್ವಜನಿಕ ರಜೆ), ಆಗಸ್ಟ್ ಕೊನೆಯ ಬ್ಯಾಂಕ್ ಹಾಲಿಡೇ ಬಿಟ್ಟುಬಿಡಿ, ಮೂರು ರಾತ್ರಿಗೆ ಕಡಿಮೆ ಕೊಡುವುದಿಲ್ಲ ಅನ್ನುವವರೇ ಜಾಸ್ತಿ. ಜೂನ್ ನಡುವಿನ ವಾರದ ದಿನಗಳು ಒಳ್ಳೆಯವು. ಒಂದೇ ತೊಂದರೆ, ಸೂರ್ಯ ಮುಳುಗುವುದು ಒಂಬತ್ತೂವರೆಗೆ, ಮತ್ತೆ ಐದಕ್ಕೆ ಮೊದಲೇ ಹಾಜರ್. ಮಕ್ಕಳನ್ನು ಮಲಗಿಸುವುದು ಕಷ್ಟ.

ಈಗ ಚಳಿ. ಜೂನ್ ಅಂತ ಮೋಸ ಹೋಗಬೇಡಿ, ರಾತ್ರಿ 8–10 ಡಿಗ್ರಿಗೆ ಇಳಿಯುತ್ತದೆ. ಸ್ಲೀಪಿಂಗ್ ಬ್ಯಾಗ್ ಮೇಲೆ ಎರಡು ಅಂಕಿ ಇರುತ್ತದೆ, ಕಂಫರ್ಟ್ ಮತ್ತು ಲಿಮಿಟ್. ಕಂಫರ್ಟ್ ಅಂಕಿ ನೋಡಿ ಕೊಳ್ಳಿ. ಲಿಮಿಟ್ ಅಂದರೆ ಮುದುಡಿಕೊಂಡು ಹೇಗೋ ಬೆಳಗು ಮಾಡುವುದು. ಅದಕ್ಕಿಂತ ಮುಖ್ಯವಾದದ್ದು ಕೆಳಗಿನ ಹಾಸು. ಮೈ ಶಾಖವನ್ನು ಹೀರುವುದು ಗಾಳಿಗಿಂತ ನೆಲ, ಮತ್ತು ಗಾಳಿ ತುಂಬುವ ಅಗ್ಗದ ಹಾಸಿಗೆ ಒಳಗೆ ಬರೀ ತಣ್ಣನೆ ಗಾಳಿ. ಮೊದಲ ಸಲ ನಾನು ಎರಡು ಹೊದಿಕೆ ಮೇಲೆ ಹಾಕಿಕೊಂಡೂ ನಡುಗಿದೆ. ಮೂರನೆಯ ಸಲ ಅಮ್ಮ ಊರಿಂದ ತಂದಿದ್ದ ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಆ ಹಾಸಿಗೆಯ ಮೇಲೆ ಹಾಸಿದೆವು, ಅದರ ಮೇಲೆ ಸ್ಲೀಪಿಂಗ್ ಬ್ಯಾಗ್. ಸ್ವಲ್ಪ ಚುಚ್ಚುತ್ತದೆ, ಕುರಿ ವಾಸನೆ ಬರುತ್ತದೆ, ಆದರೆ ಬೆಳಗಿನವರೆಗೆ ಎಚ್ಚರವೇ ಆಗಲಿಲ್ಲ. ಉಣ್ಣೆ ಸ್ವಲ್ಪ ತೇವವಾದರೂ ಬೆಚ್ಚಗಿರುತ್ತದೆ. ಊರಿಂದ ಯಾರಾದರೂ ಬರುತ್ತಿದ್ದರೆ ಉಪ್ಪಿನಕಾಯಿ ಜೊತೆ ಇದನ್ನೂ ಹೇಳಿಕಳಿಸಿ.

ಚಳಿ ಅಂತ ಇದ್ದಿಲಿನ ಬಾರ್ಬೆಕ್ಯೂ, ಗ್ಯಾಸ್ ಒಲೆ ಯಾವುದನ್ನೂ ಟೆಂಟಿನೊಳಗೆ ತರಬೇಡಿ. ಆರಿದ ಹಾಗೆ ಕಾಣುವ ಕೆಂಡ ಕೂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ. ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಸೌದೆ ಒಲೆ ಇರುವ ಕ್ಯಾಬಿನ್ ಆದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತದಾ ಅಂತ ಹೋದ ತಕ್ಷಣ ಗುಂಡಿ ಒತ್ತಿ ನೋಡಿ.

ಕರೆಂಟಿನ ಕಥೆ ಕೇಳಿ. ನಮ್ಮ ಪಿಚ್‌ಗೆ ಹುಕ್ ಅಪ್ ಇತ್ತು, ಅಂದರೆ ಕಂಬದಿಂದ ನೀಲಿ ಪ್ಲಗ್ಗಿನ ದಪ್ಪ ವೈರ್ ಎಳೆದುಕೊಳ್ಳುವ ವ್ಯವಸ್ಥೆ. ಹಣ ಕೊಟ್ಟಿದ್ದೇವಲ್ಲ ಅಂತ ಮನೆಯ ಕೆಟಲ್ ಹಚ್ಚಿದೆ. ಟಪ್. ನಮ್ಮ ಕರೆಂಟ್ ಹೋಯಿತು. ರಾತ್ರಿ ಹತ್ತು ಗಂಟೆ, ಕಂಬದ ಡಬ್ಬಕ್ಕೆ ಬೀಗ, ಉಸ್ತುವಾರಿಯವರು ಮಲಗಿಯಾಗಿತ್ತು. ಲೆಕ್ಕ ಸುಲಭ, ಆದರೆ ನಾನು ಮಾಡಿರಲಿಲ್ಲ: ಕಂಬದ್ದು 10 ಆಂಪಿಯರ್, ಅಂದರೆ 230 ವೋಲ್ಟಿಗೆ 2300 ವ್ಯಾಟ್. ಇಲ್ಲಿನ ಮನೆಯ ಕೆಟಲ್ ಒಂದೇ 3000 ವ್ಯಾಟ್ ಎಳೆಯುತ್ತದೆ. ಕೆಲವು ಕಡೆ 16 ಆಂಪಿಯರ್ ಇರುತ್ತದೆ, ಅಲ್ಲೂ ಕೆಟಲ್ ಜೊತೆ ಹೀಟರ್ ಹಾಕಿದರೆ ಮುಗಿಯಿತು. 1000 ವ್ಯಾಟ್ ಒಳಗಿನ ಸಣ್ಣ ಕೆಟಲ್ ಕೊಳ್ಳಿ, ನಿಧಾನಕ್ಕೆ ಕಾಯುತ್ತದೆ, ಕಾಯಲಿ ಬಿಡಿ.

ಅಡುಗೆಗೆ ಒಂದೇ ಬರ್ನರ್ ಇರುವ ಗ್ಯಾಸ್ ಒಲೆ ಸಾಕು, ಮೇಲೆ 3 ಲೀಟರಿನ ಕುಕ್ಕರ್ ಅಲ್ಲಾಡದೆ ಕೂರಬೇಕು ಅಷ್ಟೇ. ಅದಕ್ಕೆ ಹಾಕುವ ಬ್ಯೂಟೇನ್ ಕ್ಯಾನ್ ಬೇಸಿಗೆಗೆ ಸರಿ. ಸೊನ್ನೆ ಡಿಗ್ರಿ ಹತ್ತಿರ ಬಂದರೆ ಬ್ಯೂಟೇನ್ ಆವಿಯಾಗುವುದಿಲ್ಲ, ಒಲೆ ಮಿಣಮಿಣ ಅನ್ನುತ್ತದೆ, ಹಾಗಾಗಿ ಏಪ್ರಿಲ್ಲಿಗೋ ಅಕ್ಟೋಬರಿಗೋ ಹೋಗುವವರು ಪ್ರೊಪೇನ್ ಬೆರೆಸಿದ್ದು ಕೊಳ್ಳಿ. ನಾವು ಮನೆಯಲ್ಲೇ ರವೆ ಹುರಿದು, ಒಗ್ಗರಣೆ ಸೇರಿಸಿ ಡಬ್ಬಿಗೆ ಹಾಕಿಕೊಂಡಿದ್ದೆವು. ಬಿಸಿನೀರು ಹಾಕಿದರೆ ಉಪ್ಪಿಟ್ಟು. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಬಾತ್‌ನಲ್ಲಿ ಕೂತು ಬಿಸಿಬೇಳೆಬಾತ್ ತಿನ್ನಬೇಕು ಅಂತ ಮಗಳು ಹಟ ಹಿಡಿದಳು, ಅದೂ ಆಯಿತು. ಒಗ್ಗರಣೆ ಘಾಟಿಗೆ ಪಕ್ಕದ ಟೆಂಟಿನವರು ಕೆಮ್ಮಿದರು. ಒಂದು ತಟ್ಟೆ ಕೊಟ್ಟು ಸರಿಮಾಡಿದೆವು.

ಸ್ನಾನದ ಮನೆಯಲ್ಲಿ ಬಕೆಟ್ ಇರುವುದಿಲ್ಲ, ಕೆಲವು ಕಡೆ ಶವರ್‌ಗೆ ಕಾಸು ಇಲ್ಲವೇ ಟೋಕನ್ ಹಾಕಬೇಕು. ಒಂದು ಚೊಂಬು ಇಟ್ಟುಕೊಂಡಿರಿ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ತಾನೆ.

ಊರು ನೋಡಲು ಎರಡು ಅರ್ಧದಿನ ಸಾಕು. ರೋಮನ್ ಬಾತ್ಸ್‌ಗೆ ಆನ್‌ಲೈನ್ ಟಿಕೆಟ್ ಮಾಡಿಸಿ, ವಾರದ ದಿನ ಅಗ್ಗ. ಅಪ್ಪ ಒಮ್ಮೆ ಪುತ್ತೂರು ಹತ್ತಿರ ಇರ್ದೆಯ ಬೆಂದ್ರುತೀರ್ಥದ ಬಿಸಿನೀರಿನಲ್ಲಿ ಮಿಂದು ಬಂದವರು, ಇಲ್ಲೂ ಹಾಗೇ ಅಂತ ಟವೆಲ್ ಹೆಗಲಿಗೆ ಹಾಕಿಕೊಂಡೇ ಹೊರಟಿದ್ದರು. ರೋಮನ್ ಬಾತ್ಸ್‌ನಲ್ಲಿ ಮುಳುಗುವುದಿರಲಿ, ಕೈ ಅದ್ದಬೇಡಿ ಅಂತ ಬೋರ್ಡಿದೆ. ಕಾರಣ ಇದೆ. 1978ರಲ್ಲಿ ಈ ಊರಿನ ಬುಗ್ಗೆ ನೀರಿನ ಕೊಳದಲ್ಲಿ ಈಜಿದ ಒಬ್ಬ ಹುಡುಗಿ ಮೆದುಳು ತಿನ್ನುವ ಅಮೀಬಾದಿಂದ ಸತ್ತಳು, ಈಚೆಗೆ ಕೇರಳದಲ್ಲಿ ಸುದ್ದಿಯಾಯಿತಲ್ಲ, ಅದೇ. ಕೊಳಗಳನ್ನು ಮುಚ್ಚಿದರು. ಆಮೇಲೆ ಹೊಸದಾಗಿ ಬಾವಿ ಕೊರೆದು, ಶುದ್ಧ ಮಾಡಿದ ನೀರಿನಲ್ಲಿ ಮೀಯಲು ಥರ್ಮೆ ಬಾತ್ ಸ್ಪಾ ಅಂತ 2006ರಲ್ಲಿ ತೆರೆದರು. ಅದರ ತಾರಸಿ ಮೇಲಿನ ಕೊಳದಲ್ಲಿ ಎದೆಮಟ್ಟ ಬಿಸಿನೀರಲ್ಲಿ ನಿಂತು ಸುತ್ತಲಿನ ಗುಡ್ಡ ನೋಡುವುದಕ್ಕೆ ಕೊಟ್ಟ ದುಡ್ಡು ದಂಡವಲ್ಲ. 16 ವರ್ಷಕ್ಕೆ ಕಡಿಮೆ ಇರುವವರನ್ನು ಬಿಡುವುದಿಲ್ಲ, ಹಾಗಾಗಿ ಸರದಿ ಮೇಲೆ ಹೋಗಿ. ಕುಡಿಯುವುದಕ್ಕಾದರೆ ರೋಮನ್ ಬಾತ್ಸ್‌ನಲ್ಲೇ ಬುಗ್ಗೆ ನೀರು ಸಿಗುತ್ತದೆ, 43 ಖನಿಜ ಇದೆಯಂತೆ. ಅಪ್ಪ ಒಂದು ಗುಟುಕು ಕುಡಿದು, "ಕಬ್ಬಿಣದ ಬಾಣಲೆ ತೊಳೆದ ನೀರು ಕಣೋ" ಅಂದರು. ಆದರೂ ಪೂರ್ತಿ ಕುಡಿದರು.

ಮಿಕ್ಕ ಸಮಯ ಹೊರಗೆ ಕಳೆಯಿರಿ. ಕಾಲುವೆ ದಾರಿ ಬಾತ್‌ನಿಂದ ಬ್ರಾಡ್‌ಫರ್ಡ್‌ವರೆಗೆ ಸುಮಾರು 16 ಕಿಲೋಮೀಟರ್, ಸಮತಟ್ಟು, ನಡುವೆ ಡಂಡಾಸ್ ಅನ್ನುವಲ್ಲಿ ಕಾಲುವೆಯೇ ಕಲ್ಲಿನ ಸೇತುವೆ ಹತ್ತಿ ನದಿಯನ್ನು ದಾಟುತ್ತದೆ. ಒಂದು ಕಡೆ ನಡೆದು ಇನ್ನೊಂದು ಕಡೆ ರೈಲು ಹಿಡಿಯಿರಿ. ಸೈಕಲ್ ಇದ್ದರೆ ಹಳೆಯ ರೈಲು ಸುರಂಗಗಳ ಟೂ ಟನಲ್ಸ್ ದಾರಿ ಇದೆ, ಒಂದು ಸುರಂಗ ಒಂದು ಮೈಲಿಗೂ ಉದ್ದ, ಒಳಗೆ ಬೇಸಿಗೆಯಲ್ಲೂ ಸ್ವೆಟರ್ ಬೇಕು. ಹೊಲದ ಕಾಲುದಾರಿಗಳಲ್ಲಿ ಹಸುಗಳಿರುತ್ತವೆ. ಅಪ್ಪ "ಬಾರಮ್ಮ ಬಾರೆ" ಅಂತ ಕರೆಯುತ್ತ ಹತ್ತಿರ ಹೋದರು, ನಾನು ತೋಳು ಹಿಡಿದು ಎಳೆದೆ. ಕರು ಜೊತೆಗಿರುವ ಹಸು ಇಲ್ಲಿ ಜನರನ್ನು ತುಳಿದದ್ದಿದೆ, ದೂರದಿಂದಲೇ ಸುತ್ತು ಹಾಕಿ. ಉದ್ದ ಹುಲ್ಲಲ್ಲಿ ಓಡಾಡಿದ ಮೇಲೆ ಮಕ್ಕಳ ಕಾಲು, ಕಂಕುಳಲ್ಲಿ ಉಣ್ಣಿ ಇದೆಯಾ ನೋಡಿ.

ಮಳೆ ಬರುತ್ತದೆ, ಅದರಲ್ಲಿ ಅನುಮಾನ ಬೇಡ. ನಮ್ಮ ಎರಡನೆಯ ಪ್ರವಾಸ ಮೆಂಡಿಪ್ ಗುಡ್ಡದ ಮೇಲೆ, ಚೆಡ್ಡರ್ ಕಡೆ. ಇಡೀ ರಾತ್ರಿ ಟೆಂಟಿನ ಮೇಲೆ ಸಾಸಿವೆ ಸಿಡಿದ ಹಾಗೆ ಸದ್ದು. ಬಾತ್‌ನ ಬಿಸಿನೀರು ಬಹಳ ಹಿಂದೆ ಇದೇ ಗುಡ್ಡಗಳ ಮೇಲೆ ಬಿದ್ದ ಮಳೆ ಅಂತ ಓದಿದ್ದೆ. ಸುಣ್ಣಕಲ್ಲಿನ ಸಂದಿಯಲ್ಲಿ ಕಿಲೋಮೀಟರುಗಟ್ಟಲೆ ಆಳಕ್ಕೆ ಇಳಿದು, ಕಾದು, ಸಾವಿರಾರು ವರ್ಷದ ಮೇಲೆ ಅಲ್ಲಿ ಏಳುತ್ತದಂತೆ. ಮಗಳಿಗೆ ಇದನ್ನು ಹೇಳಿದೆ. "ಹಾಗಾದ್ರೆ ನಮ್ಮ ಟೆಂಟ್ ಮೇಲೆ ಬಿದ್ದಿದ್ದು ಯಾವಾಗ ಬಿಸಿಯಾಗತ್ತೆ?" ಅಂದಳು.

ಬೆಳಿಗ್ಗೆ ಒದ್ದೆ ಟೆಂಟನ್ನು ಹಾಗೇ ಸುತ್ತಿ ದೊಡ್ಡ ಕಸದ ಚೀಲಕ್ಕೆ ತುಂಬಿಕೊಳ್ಳಿ, ಒರೆಸುತ್ತ ಕೂರಬೇಡಿ, ಅವರು ಜಾಗ ಬಿಡಲು ಹೇಳಿದ ಹೊತ್ತು ಮೀರಿಬಿಡುತ್ತದೆ. ಆದರೆ ಮನೆಗೆ ಬಂದ ದಿನವೇ ಬಿಡಿಸಿ ಹರವಿ, ಎರಡು ದಿನ ಬಿಟ್ಟರೆ ಬೂಷ್ಟು ಹಿಡಿದು ಆ ವಾಸನೆ ಹೋಗುವುದೇ ಇಲ್ಲ. ಹೊರಗೆ ಜಾಗ ಇಲ್ಲದಿದ್ದರೆ ಮೆಟ್ಟಿಲ ಕಂಬಿ, ಸೋಫಾ, ಬಾಗಿಲು ಎಲ್ಲದರ ಮೇಲೂ ಹಾಕಿ. ಗೂಟಗಳನ್ನು ತೊಳೆದು ಎಣಿಸಿ ಇಡಿ. ನಮ್ಮದು ಪ್ರತಿ ಸಲ ಎರಡು ಕಡಿಮೆ ಬರುತ್ತವೆ.